16ರ ಮಗ ಟ್ರಿಪ್‌ಗೆ ಬರಲ್ಲ ಅಂತಾನೆ. ಬೇಸಿಗೆ ರಜೆಗೆ ಏನು ಪ್ಲಾನ್ ಮಾಡಲಿ?

ಮ್ಯೂನಿಕ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರ ಕೆಲಸದ ಮೇಲೆ ಎರಡು ವರ್ಷಕ್ಕೆ ಅಂತ ಮ್ಯೂನಿಕ್‌ಗೆ ಬಂದಿದ್ದೇವೆ. ಎಂಟು ತಿಂಗಳು ಆಗಲೇ ಕಳೆದುಹೋಯಿತು. ಮಗನಿಗೆ 16, ಮಗಳಿಗೆ 13. ಬರುವ ಮೊದಲೇ ನಾವಿಬ್ಬರೂ ಕೂತು ದೊಡ್ಡ ಪಟ್ಟಿ ಮಾಡಿದ್ದೆವು. ಪ್ಯಾರಿಸ್, ರೋಮ್, ಆಮ್‌ಸ್ಟರ್‌ಡ್ಯಾಮ್, ವಿಯೆನ್ನಾ, ಸ್ವಿಟ್ಜರ್ಲೆಂಡ್, ಲಂಡನ್. ವಾಪಸ್ ಹೋದಮೇಲೆ ಇಷ್ಟು ಹತ್ತಿರ ಮತ್ತೆ ಯಾವಾಗ ಬರ್ತೀವೋ ಗೊತ್ತಿಲ್ಲ, ಇರುವಾಗಲೇ ನೋಡಿಬಿಡೋಣ ಅಂತ.

ಮೊದಲ ರಜೆಗೆ ಪ್ರಾಗ್‌ಗೆ ಹೋದೆವು. ನಾಲ್ಕು ದಿನ. ಮಗ ಇಡೀ ಹೊತ್ತು ಹೆಡ್‌ಫೋನ್ ಹಾಕಿಕೊಂಡೇ ಇದ್ದ. ಚಾರ್ಲ್ಸ್ ಸೇತುವೆ ಮೇಲೆ ಒಂದು ಫೋಟೋಗೆ ನಿಲ್ಲು ಅಂದೆ, ನಿಂತ, ಆದರೆ ನದಿ ಕಡೆ ಮುಖ ಮಾಡಿಕೊಂಡು. ಆ ಫೋಟೋದಲ್ಲಿ ನಾವು ಮೂರು ಜನ ನಗ್ತಾ ಇದ್ದೇವೆ, ಅವನ ಬೆನ್ನು ಮಾತ್ರ ಕಾಣುತ್ತದೆ. ರಾತ್ರಿ ಕೇಳಿದ್ದಕ್ಕೆ "ಅಮ್ಮಾ, ಇದು ನಿಮ್ಮ ಟ್ರಿಪ್. ನಾನು ಲಗೇಜ್ ಥರ ಬಂದಿದ್ದೀನಿ" ಅಂದ. ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಈಗ ಬೇಸಿಗೆ ರಜೆ ಬರ್ತಾ ಇದೆ, ಆಗಸ್ಟ್ ಶುರುವಿನಿಂದ ಸೆಪ್ಟೆಂಬರ್ ಮಧ್ಯದವರೆಗೆ. ನಾನು ಬರಲ್ಲ, ಇಲ್ಲೇ ಇರ್ತೀನಿ ಅಂತ ಹಟ ಹಿಡಿದಿದ್ದಾನೆ. ಮಗಳಿಗೆ ಬರೋಕೆ ಇಷ್ಟ, ಆದರೆ ಮ್ಯೂಸಿಯಂ ಬೇಡವಂತೆ. ಎಷ್ಟು ಊರು ಇಟ್ಟುಕೊಳ್ಳೋದು ಸರಿ? ರೈಲಾ ವಿಮಾನವಾ? ರಜೆಗೆ ಎರಡು ದಿನ ಮೊದಲೇ ಹೊರಟರೆ ಟಿಕೆಟ್ ತುಂಬಾ ಕಡಿಮೆ ಸಿಗುತ್ತದೆ, ಹಾಗೆ ಹೋಗಬಹುದಾ? ಮಗನನ್ನು ಬಿಟ್ಟು ಹೋಗೋದು ತಪ್ಪಾ? ಮಕ್ಕಳ ಜೊತೆ ಹೀಗೆ ಸುತ್ತಾಡಿದವರು ದಯವಿಟ್ಟು ಹೇಳಿ.

ಸ್ಟುಟ್‌ಗಾರ್ಟ್‌ನಿಂದ:

ಮೊದಲು ಸುಲಭದ್ದು ಹೇಳಿಬಿಡ್ತೀನಿ. ರಜೆಗೆ ಮೊದಲೇ ಹೊರಡಬೇಡಿ. ಜರ್ಮನಿಯಲ್ಲಿ ಸ್ಕೂಲಿಗೆ ಹೋಗೋದು ಕಾನೂನಿನ ಪ್ರಕಾರ ಕಡ್ಡಾಯ, ಟ್ರಿಪ್‌ಗೋಸ್ಕರ ರಜೆ ಕೊಡಲ್ಲ, ಸಿಕ್ಕಿಬಿದ್ದರೆ ದಂಡ. ನಿಮ್ಮ ಬವೇರಿಯಾ ರಾಜ್ಯದಲ್ಲಂತೂ ರಜೆಗೆ ಮೊದಲು ಏರ್‌ಪೋರ್ಟ್‌ನಲ್ಲಿ ಪೊಲೀಸರು ಮಕ್ಕಳಿರುವ ಕುಟುಂಬಗಳನ್ನು ನಿಲ್ಲಿಸಿ ಕೇಳಿದ್ದೂ ಇದೆ, 2018ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು.

ಇನ್ನು ನಿಮ್ಮ ಮಗನ ವಿಷಯ. ನನ್ನ ದೊಡ್ಡವನೂ ಹೀಗೇ ಮಾಡಿದ್ದ. ಅವನಿಗೆ ಟ್ರಿಪ್ ಮೇಲೆ ಸಿಟ್ಟು ಅಂತ ನಾವು ಒಂದು ವರ್ಷ ಅಂದುಕೊಂಡಿದ್ದೆವು. ಹಾಗಿರಲಿಲ್ಲ. ಹಳೇ ಗೆಳೆಯರನ್ನೆಲ್ಲ ಬಿಟ್ಟು ಬಂದು, ಗೊತ್ತಿಲ್ಲದ ಭಾಷೆಯಲ್ಲಿ ಕ್ಲಾಸಲ್ಲಿ ಕೂತು, ಆರು ತಿಂಗಳಾದಮೇಲೆ ಹೇಗೋ ಇಬ್ಬರು ಗೆಳೆಯರನ್ನು ಮಾಡಿಕೊಂಡಿದ್ದ. ಅವರು ಸೇರುತ್ತಿದ್ದದ್ದು ಶನಿವಾರ. ನಾವು ಪ್ರತಿ ಶನಿವಾರ ಅವನನ್ನು ಎಳೆದುಕೊಂಡು ಹೊರಡುತ್ತಿದ್ದೆವು! ಅವನು ಬಾಯಿಬಿಟ್ಟು ಹೇಳಲಿಲ್ಲ, ನಮಗೆ ಹೊಳೆಯಲೂ ಇಲ್ಲ. ನಿಮಗೆ ಇದು ಎರಡು ವರ್ಷದ ಊರು ಇರಬಹುದು, ಅವನಿಗೆ ಸದ್ಯಕ್ಕೆ ಇರೋದು ಇದೊಂದೇ ಊರು. ಒಮ್ಮೆ ಕೂತು ಕೇಳಿ ನೋಡಿ.

ನಾವು ಆಮೇಲೆ ಲೆಕ್ಕ ಬದಲಾಯಿಸಿದೆವು. ತಿಂಗಳಿಗೆ ಒಂದೇ ವಾರಾಂತ್ಯ ನಮ್ಮದು, ಉಳಿದದ್ದೆಲ್ಲ ಅವರದು. ಉದ್ದ ರಜೆಯಲ್ಲಿ ಅರ್ಧ ಮಾತ್ರ ಸುತ್ತಾಟ. ಪ್ರತಿ ಟ್ರಿಪ್‌ನಲ್ಲೂ ಒಂದು ಪೂರ್ತಿ ದಿನ ಒಬ್ಬ ಮಗನದು: ಎಲ್ಲಿಗೆ, ಹೇಗೆ, ಎಷ್ಟು ಖರ್ಚು, ಎಲ್ಲ ಅವನೇ ನೋಡಬೇಕು, ನಾವು ಹಿಂದೆ ನಡೆಯೋದು. ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಯಾವ ಬುಕಿಂಗೂ ಇಲ್ಲ. ಈ ವಯಸ್ಸಿನವರಿಗೆ ನಿದ್ದೆ ಬೇಕು, ಸುಮ್ನೆ ಎಬ್ಬಿಸಿ ಜಗಳ ಮಾಡಿಕೊಂಡರೆ ಆ ದಿನವೇ ಹಾಳು.

ಬಿಟ್ಟು ಹೋಗೋದು ತಪ್ಪೇನಲ್ಲ. ಇಷ್ಟೇ ವಯಸ್ಸು ಅಂತ ಇಲ್ಲಿ ಕಾನೂನಲ್ಲಿ ಗೆರೆ ಹಾಕಿಲ್ಲ, ಜವಾಬ್ದಾರಿ ಅಪ್ಪ ಅಮ್ಮನದೇ. 16ರ ಹುಡುಗ, ಪಕ್ಕದ ಮನೆಯಲ್ಲಿ ಗೊತ್ತಿರುವವರು ಇದ್ದರೆ ಎರಡು ರಾತ್ರಿ ಸರಿ. ಎರಡು ವಾರ ನಾನಂತೂ ಬಿಡಲ್ಲ.

ರೈಲಿನವನು:

ಮೇಡಂ, ರೈಲು. ಎರಡು ಮಾತೇ ಇಲ್ಲ. ದೊಡ್ಡ ಮಕ್ಕಳಿಗೆ ಕಾಲು ಚಾಚೋಕೆ ಜಾಗ ಬೇಕು, ಫೋನ್ ಚಾರ್ಜ್ ಆಗ್ಬೇಕು, ಬೇಕಾದಾಗ ಎದ್ದು ಓಡಾಡಬೇಕು.

ಜರ್ಮನಿಯ ದೂರದ ರೈಲುಗಳಲ್ಲಿ ಅಪ್ಪ ಅಮ್ಮನ ಜೊತೆ ಹೋಗುವ 14ರವರೆಗಿನ ಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆದರೆ ನಿಮ್ಮ ಟಿಕೆಟ್ ತೆಗೆಯುವಾಗಲೇ ಮಗಳನ್ನೂ ಸೇರಿಸಿರಬೇಕು. ಮಗನಿಗೆ ಟಿಕೆಟ್ ಬೇಕು. ಬೇರೆ ದೇಶಗಳಿಗೆ ಒಂದೇ ಪಾಸ್‌ನಲ್ಲಿ ಹಲವು ದೇಶಗಳ ರೈಲು ಹತ್ತಬಹುದಾದ ಇಂಟರ್‌ರೇಲ್ ಪಾಸ್ ನೋಡಿ. ಇದಕ್ಕೆ ಯುರೋಪಿನ ಪಾಸ್‌ಪೋರ್ಟ್ ಬೇಕಿಲ್ಲ, ಅಲ್ಲಿ ವಾಸ ಇದ್ದರೆ ಸಾಕು. ತುಂಬಾ ಜನ ಇದು ಗೊತ್ತಿಲ್ಲದೆ ಬಿಡ್ತಾರೆ. 12ರಿಂದ 27ರವರಿಗೆ ರಿಯಾಯಿತಿ ಇದೆ, ನಿಮ್ಮ ಇಬ್ಬರು ಮಕ್ಕಳಿಗೂ ಸಿಗುತ್ತದೆ. ನಿಮ್ಮ ವಾಸದ ದೇಶ ಜರ್ಮನಿ ಆದ್ದರಿಂದ ಅದರೊಳಗೆ ಹೋಗೋಕೆ ಒಂದು, ಬರೋಕೆ ಒಂದು ಪ್ರಯಾಣ ಮಾತ್ರ. ಫ್ರಾನ್ಸ್‌ನ ಟಿಜಿವಿ, ಇಟಲಿಯ ವೇಗದ ರೈಲುಗಳಿಗೆ ಪಾಸ್ ಮೇಲೂ ಸೀಟ್ ರಿಸರ್ವೇಶನ್‌ಗೆ ಬೇರೆ ದುಡ್ಡು ಕೊಡಬೇಕು, ಆಗಸ್ಟ್‌ನಲ್ಲಿ ಅವು ಬೇಗ ಖಾಲಿ. ಅದನ್ನು ಮೊದಲು ಮಾಡಿ, ಹೋಟೆಲ್ ಆಮೇಲೆ.

ಒಂದು ದಿನದ ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಸಾಕು. 2023ರಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ, 2026ರಿಂದ 63. ವೇಗದ ರೈಲು ಬಿಟ್ಟು ಊರೊಳಗಿನ ಬಸ್ಸು, ಟ್ರಾಮ್, ಲೋಕಲ್ ರೈಲು ಎಲ್ಲದಕ್ಕೂ ನಡೆಯುತ್ತದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ಹೋಗಬಹುದು, ಮ್ಯೂನಿಕ್‌ನಿಂದ ಎರಡು ಗಂಟೆ ಒಳಗೆ.

ಒಂದು ಎಚ್ಚರಿಕೆ. ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಎರಡೂ ನಾಲ್ಕೂ ಜನರ ಹತ್ತಿರ ಇರಬೇಕು. ಶೆಂಗೆನ್ ಒಳಗೆ, ಅಂದರೆ ಗಡಿ ತಪಾಸಣೆ ಇಲ್ಲದೆ ಓಡಾಡೋಕೆ ಒಪ್ಪಂದ ಮಾಡಿಕೊಂಡ ಯುರೋಪಿನ ದೇಶಗಳ ನಡುವೆ, ಯಾರೂ ಕೇಳಲ್ಲ ಅನ್ನೋದು ಹಳೇ ಮಾತು. ಆಸ್ಟ್ರಿಯಾ ಗಡಿಯಲ್ಲಿ 2015ರಿಂದಲೇ ತಪಾಸಣೆ ಇದೆ, 2024ರ ಸೆಪ್ಟೆಂಬರ್‌ನಿಂದ ಜರ್ಮನಿಯ ಎಲ್ಲ ಭೂಗಡಿಗಳಲ್ಲೂ. ನಾವು ಸಾಲ್ಜ್‌ಬರ್ಗ್‌ನಿಂದ ಬರುವಾಗ ನಮ್ಮ ಹುಡುಗನ ಕಾರ್ಡ್ ಸ್ಕೂಲ್ ಬ್ಯಾಗಲ್ಲೇ ಉಳಿದಿತ್ತು. ಪೊಲೀಸರು ಗೌರವವಾಗಿಯೇ ಮಾತಾಡಿದರು, ಆದರೆ ರೈಲಿಂದ ಇಳಿಸಿದರು. ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಅವನು ತಲೆ ತಗ್ಗಿಸಿ ಕೂತಿದ್ದು ನೋಡಿ ನನಗೇ ಸಂಕಟವಾಯಿತು. ಅವತ್ತಿನಿಂದ ಕಾರ್ಡ್ ಅವನ ಫೋನ್ ಕವರ್‌ನಲ್ಲೇ ಇರುತ್ತದೆ, ಫೋನ್ ಅಂತೂ ಮರೆಯಲ್ಲ ಅಲ್ವಾ.

ಲಂಡನ್ ಶೆಂಗೆನ್‌ನಲ್ಲಿ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ ಮಕ್ಕಳಿಗೂ ಸೇರಿ ಬೇರೆ ವೀಸಾ ಬೇಕು. ಈ ಬೇಸಿಗೆಗೆ ಅದನ್ನು ಬಿಟ್ಟುಬಿಡಿ. ಮತ್ತೆ ಸ್ವಿಟ್ಜರ್ಲೆಂಡ್ ಶೆಂಗೆನ್‌ನಲ್ಲಿದೆ, ಆದರೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ. ಹಾಗಾಗಿ ಒಕ್ಕೂಟದೊಳಗಿನ ಉಚಿತ ರೋಮಿಂಗ್ ಅಲ್ಲಿ ನಡೆಯಲೇಬೇಕು ಅಂತಿಲ್ಲ. ನಿಮ್ಮ ಸಿಮ್ ಪ್ಲಾನ್ ನೋಡಿಕೊಳ್ಳಿ, ಇಲ್ಲದಿದ್ದರೆ ಗಡಿ ದಾಟುವ ಮೊದಲೇ ಡೇಟಾ ಆಫ್ ಮಾಡಿಸಿ.

ಆಗ 15 ಆಗಿದ್ದವಳು:

ನಾನು ಆ ಕಡೆಯಿಂದ ಹೇಳ್ತೀನಿ ಅಕ್ಕ. ಅಪ್ಪನಿಗೆ ಮೂರು ವರ್ಷ ಬ್ರಸೆಲ್ಸ್‌ನಲ್ಲಿ ಕೆಲಸ, ಹೋದಾಗ ನನಗೆ 15. ಎಷ್ಟೋ ಊರು ನೋಡಿದೆವು. ಹೆಚ್ಚಿನವು ಈಗ ಒಂದರ ಮೇಲೊಂದು ಕಲಸಿಹೋಗಿವೆ, ಯಾವ ಚರ್ಚ್ ಯಾವ ಊರಲ್ಲಿ ಅಂತ ಫೋಟೋ ನೋಡಿದರೂ ಹೇಳೋಕಾಗಲ್ಲ.

ನೆನಪಿರೋದು ಲಿಸ್ಬನ್. ಅಲ್ಲಿ ಒಂದೇ ಮನೆ ಬಾಡಿಗೆಗೆ ಹಿಡಿದು ಆರು ದಿನ ಇದ್ದೆವು. ಮೂರನೇ ದಿನ ಅಪ್ಪ ನನಗೂ ತಂಗಿಗೂ ಟ್ರಾಮ್ ಕಾರ್ಡ್ ಕೊಟ್ಟು, ಸಂಜೆ ಆರಕ್ಕೆ ಮನೆಗೆ ಬನ್ನಿ ಅಂತಷ್ಟೇ ಹೇಳಿದರು. 28ನೇ ನಂಬರ್ ಟ್ರಾಮ್ ಹತ್ತಿದೆವು, ಇಳಿಯೋ ಸ್ಟಾಪ್ ತಪ್ಪಿತು, ಕೊನೆವರೆಗೂ ಹೋಗಿ ಆ ಏರು ಬೀದಿಗಳಲ್ಲಿ ನಡೆದುಕೊಂಡೇ ವಾಪಸ್ ಬಂದೆವು. ಏಳು ಗಂಟೆ ಆಗಿತ್ತು. ಅಪ್ಪ ಬಾಗಿಲಲ್ಲೇ ನಿಂತಿದ್ದರು, ಬೈಯಲಿಲ್ಲ, ಎಲ್ಲೆಲ್ಲಿ ಹೋದಿರಿ ತೋರಿಸಿ ಅಂತ ಮ್ಯಾಪ್ ಹರಡಿದರು. ನಾನು ಬೆರಳಿಟ್ಟು ತೋರಿಸಿದೆ. ಊರು ನನ್ನದು ಅನ್ನಿಸಿದ್ದು ಆವಾಗ.

ಆರು ವಾರಕ್ಕೆ ಎರಡು ಊರು ಸಾಕು ಅಕ್ಕ, ಮೂರು ಜಾಸ್ತಿ.

ಮಗಳಿಗೆ ಮ್ಯೂಸಿಯಂ ಬೇಡ ಅಂದರೂ ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆ ಒಂದನ್ನು ತೋರಿಸಿ. ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳೋಕೆ ಅಲ್ಲಿ ಅಡಗಿ ಡೈರಿ ಬರೆದ ಯಹೂದಿ ಹುಡುಗಿ ಅವಳು, ಅಡಗಿಕೊಂಡಾಗ ಅವಳಿಗೂ 13. ಗೋಡೆ ಮೇಲೆ ಅಪ್ಪ ಅಮ್ಮ ಇಬ್ಬರು ಮಕ್ಕಳ ಎತ್ತರ ಅಳೆದು ಹಾಕಿದ ಪೆನ್ಸಿಲ್ ಗೆರೆಗಳು ಹಾಗೇ ಇವೆ. ನಮ್ಮ ತಂಗಿ ಅಲ್ಲೇ ನಿಂತುಬಿಟ್ಟಳು, ಮಾತೇ ಆಡಲಿಲ್ಲ. ಟಿಕೆಟ್ ಆನ್‌ಲೈನ್ ಮಾತ್ರ, ಪ್ರತಿ ಮಂಗಳವಾರ ಆರು ವಾರ ಮುಂದಿನದನ್ನು ಬಿಡ್ತಾರೆ. ಪ್ಯಾರಿಸ್‌ನ ಲೂವ್ರ್ 18 ತುಂಬದವರಿಗೆ ಉಚಿತ, ಆದ್ದರಿಂದ ಒಂದು ಗಂಟೆ ನೋಡಿ ಬೇಜಾರಾದರೆ ಹೊರಗೆ ಬಂದರಾಯಿತು, ದುಡ್ಡು ಕೊಟ್ಟಿದ್ದೀವಿ ನೋಡು ನೋಡು ಅಂತ ಎಳೆದಾಡೋದು ಬೇಕಿಲ್ಲ. ಮಂಗಳವಾರ ರಜೆ, ನೆನಪಿರಲಿ.

ಮ್ಯೂನಿಕ್ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇದನ್ನೆಲ್ಲ ಇವರಿಗೂ ಓದಿ ಹೇಳಿದೆ. ಆಮೇಲೆ ಮಗನ ರೂಮಿಗೆ ಹೋಗಿ, ಶನಿವಾರಗಳ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ನಿಮಗೆ ಯಾರು ಹೇಳಿದ್ರು?" ಅಂದ. ಗೆಳೆಯರ ಜೊತೆ ಬಾಸ್ಕೆಟ್‌ಬಾಲ್ ಇರುತ್ತಂತೆ. ಎಂಟು ತಿಂಗಳಲ್ಲಿ ಎಷ್ಟು ಆಟ ತಪ್ಪಿಸಿಬಿಟ್ಟೆನೋ, ಕೇಳಿ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ಪಟ್ಟಿ ಹರಿದು ಹಾಕಿದೆವು. ಆಗಸ್ಟ್ ಪೂರ್ತಿ ಇಲ್ಲೇ. ಸೆಪ್ಟೆಂಬರ್ ಮೊದಲ ವಾರ ಆಮ್‌ಸ್ಟರ್‌ಡ್ಯಾಮ್ ಒಂದೇ, ಮಗಳು ಮಂಗಳವಾರದ ಟಿಕೆಟ್‌ಗೆ ಅಲಾರಂ ಇಟ್ಟುಕೊಂಡಿದ್ದಾಳೆ. ಇನ್ನೊಂದು ಊರು ನಿನ್ನದು ಅಂತ ಮಗನಿಗೆ ಹೇಳಿದ್ದಕ್ಕೆ ಜಿನೀವಾ ಅಂದ. ಅಲ್ಲಿ ಕಣ ಭೌತಶಾಸ್ತ್ರದ ದೊಡ್ಡ ಸಂಶೋಧನಾ ಕೇಂದ್ರ ಸರ್ನ್‌ನವರು 2023ರಲ್ಲಿ ಸೈನ್ಸ್ ಗೇಟ್‌ವೇ ಅಂತ ವಿಜ್ಞಾನ ಪ್ರದರ್ಶನ ಕೇಂದ್ರ ತೆರೆದಿದ್ದಾರಂತೆ, ಪ್ರವೇಶ ಉಚಿತ, ಊರಿಂದ 18ನೇ ಟ್ರಾಮ್ ಅಲ್ಲಿಗೇ ಹೋಗುತ್ತದಂತೆ. ಇಷ್ಟೆಲ್ಲ ಅವನಿಗೆ ಮೊದಲೇ ಗೊತ್ತಿತ್ತು, ನಾವು ಕೇಳಿರಲಿಲ್ಲ ಅಷ್ಟೇ. ಅದು ಶರತ್ಕಾಲದ ರಜೆಗೆ.

ಈ ಭಾನುವಾರ ಅವನು ಇಬ್ಬರು ಗೆಳೆಯರ ಜೊತೆ ಸಾಲ್ಜ್‌ಬರ್ಗ್‌ಗೆ ಹೋಗಿ ಬರ್ತಾನಂತೆ, ನಾವಿಲ್ಲದೆ. ಹೂಂ ಅಂದಿದ್ದೇನೆ. ಪಾಸ್‌ಪೋರ್ಟ್, ಕಾರ್ಡ್ ಎರಡೂ ಇವತ್ತೇ ಅವನ ಶೂ ಪಕ್ಕ ಇಟ್ಟಿದ್ದೇನೆ.