ಓಪನ್ ಸೈಟ್ ಇರುವ, ಮ್ಯಾಗಜಿನ್ ಬಿಚ್ಚಬಹುದಾದ .22 ರೈಫಲ್: ಯಾವುದು ತಗೊಳ್ಳಲಿ?

ಕೇಳಿದವರು, ಕೊಲಂಬಸ್, ಓಹಾಯೋ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುವಾಗ ನಾನು ಎನ್‌ಸಿಸಿಯಲ್ಲಿದ್ದೆ. .22 ಡೀಲಕ್ಸ್ ರೈಫಲ್ ಹಿಡಿದು, ಮಲಗಿ ಫೈರಿಂಗ್ ಮಾಡುವುದು ನನಗೆ ತುಂಬಾ ಇಷ್ಟವಾಗಿತ್ತು. ಈಗ ಗ್ರೀನ್ ಕಾರ್ಡ್ ಬಂದಿದೆ, ಮನೆ ಹತ್ತಿರವೇ ಒಂದು ಶೂಟಿಂಗ್ ರೇಂಜ್ ಇದೆ. ಮತ್ತೆ ಶುರು ಮಾಡಬೇಕು ಅಂತ ಆಸೆ. 11 ವರ್ಷದ ಮಗನಿಗೂ ನಿಧಾನವಾಗಿ ಕಲಿಸಬೇಕು.

ಬೇಕಾಗಿರುವುದು ಇಷ್ಟೇ. .22 ಎಲ್ಆರ್ (ಲಾಂಗ್ ರೈಫಲ್ ಅನ್ನುವ ಸಣ್ಣ ಗುಂಡು), ಬಿಚ್ಚಿ ತೆಗೆಯುವ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ), ಓಪನ್ ಸೈಟ್ (ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊನೆ; ಎರಡನ್ನೂ ಬರಿಗಣ್ಣಿನಿಂದ ಹೊಂದಿಸಿ ಗುರಿ ಹಿಡಿಯುವುದು). ಸ್ಕೋಪ್ (ಗುರಿ ನೋಡುವ ದುರ್ಬೀನು) ಬೇಡ. 25ರಿಂದ 50 ಗಜ, ಕಾಗದದ ಟಾರ್ಗೆಟ್. ಬೇಟೆ ಇಲ್ಲ. ಬಜೆಟ್ 600 ಡಾಲರ್ ಒಳಗೆ. ಅಂಗಡಿಯಲ್ಲಿ ಕೇಳಿದರೆ ಎಲ್ಲರೂ ಸ್ಕೋಪ್ ಹಾಕಿಸಿಕೊಳ್ಳಿ ಅಂತಲೇ ಹೇಳುತ್ತಾರೆ. ನನಗೆ 44 ವರ್ಷ, ಓದುವುದಕ್ಕೆ ಕನ್ನಡಕ ಬಂದಿದೆ. ಬಳಸಿದವರು ನಿಮ್ಮ ಅನುಭವ ಹೇಳಿ.

ಡಲ್ಲಾಸ್

ಅಕ್ಕಾ, ನನ್ನ ಓಟು ರೂಗರ್ 10/22ಗೆ. 1964ರಿಂದ ಬರುತ್ತಿರುವ ರೈಫಲ್. ಯಾವ ಅಂಗಡಿಗೆ ಹೋದರೂ ಸಿಗುತ್ತದೆ, ಬಿಡಿ ಭಾಗಗಳಿಗೆ ಬರವೇ ಇಲ್ಲ. ತೂಕ ಸುಮಾರು 2.3 ಕೆ.ಜಿ. ಮ್ಯಾಗಜಿನ್ 10 ಗುಂಡಿನದು, ಹೊರಗೆ ಚಾಚಿಕೊಳ್ಳದೆ ಅಡಿಯಲ್ಲಿ ಸಮವಾಗಿ ಕೂರುತ್ತದೆ.

ಆ ಮ್ಯಾಗಜಿನ್ ಬಗ್ಗೆ ಒಂದು ಮಾತು. .22 ಕಾರ್ಟ್ರಿಜ್‌ಗೆ ಹಿಂದೆ ಅಂಚು ಇರುತ್ತದಲ್ಲ, ಮಾಮೂಲಿ ಪೆಟ್ಟಿಗೆ ಮ್ಯಾಗಜಿನ್‌ನಲ್ಲಿ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳಬಹುದು. ಇದರಲ್ಲಿ ಒಳಗೆ ಒಂದು ಚಕ್ರ ಇದೆ. ಪ್ರತಿ ಗುಂಡಿಗೂ ಬೇರೆ ಬೇರೆ ಮನೆ. ಅದಕ್ಕೇ ಇದು ಸಿಕ್ಕಿಕೊಳ್ಳುವುದು ಕಡಿಮೆ. ನಾನು ವರ್ಷಗಟ್ಟಲೆ ಬಳಸುತ್ತಿದ್ದೇನೆ, ಮ್ಯಾಗಜಿನ್‌ನಿಂದ ತೊಂದರೆ ಆದದ್ದು ನೆನಪಿಲ್ಲ.

ಮಿನಿಯಾಪೊಲಿಸ್

ಡಲ್ಲಾಸ್‌ನವರು ಮ್ಯಾಗಜಿನ್ ಬಗ್ಗೆ ಹೇಳಿದ್ದು ಪೂರ್ತಿ ಸರಿ. ಆದರೆ ಮೇಡಂ ಕೇಳಿರುವುದು ಓಪನ್ ಸೈಟ್‌ಗೆ. ಅದನ್ನೇ ಮೊದಲು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಈಗ ಬರುವ .22ಗಳಲ್ಲಿ ಎಷ್ಟೋ ರೈಫಲ್‌ಗಳಿಗೆ ಸೈಟೇ ಇರುವುದಿಲ್ಲ. ಬ್ಯಾರಲ್ ಬೋಳು, ಮೇಲೆ ಸ್ಕೋಪ್ ಕೂರಿಸುವ ಜಾಗ ಮಾತ್ರ. ಟಿಕ್ಕಾ ಟಿ1ಎಕ್ಸ್ ಎಲ್ಲರೂ ಹೊಗಳುವ ರೈಫಲ್, ಆದರೆ ಓಪನ್ ಸೈಟ್ ಇಲ್ಲ. ಮಾರ್ಲಿನ್ 60ಕ್ಕೆ ಸೈಟ್ ಇದೆ, ಆದರೆ ಬ್ಯಾರಲ್ ಕೆಳಗೆ ಕೊಳವೆ ಮ್ಯಾಗಜಿನ್. ಹೀಗೆ ತೆಗೆಯುತ್ತಾ ಹೋದರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಸೈಟ್‌ನಲ್ಲಿ ಏನು ನೋಡಬೇಕು? ಮೊದಲನೆಯದು ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವಿನ ದೂರ. ಅದು 40 ಸೆಂ.ಮೀ. ಇದ್ದು, ನೀವು ನೋಡುವಾಗ ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಹೋಯಿತು ಅಂದುಕೊಳ್ಳಿ. 25 ಮೀಟರ್‌ನಲ್ಲಿ ಗುಂಡು 6 ಸೆಂ.ಮೀ.ಗಿಂತ ಜಾಸ್ತಿ ಆಚೆ ಬೀಳುತ್ತದೆ. ಅದೇ ದೂರ 55 ಸೆಂ.ಮೀ. ಇದ್ದರೆ 4.5 ಸೆಂ.ಮೀ. ಮಾತ್ರ. ಸ್ಕೋಪ್ ಬಳಸುವವರು ಬ್ಯಾರಲ್ ಗಿಡ್ಡ ಇದ್ದರೂ ಪರವಾಗಿಲ್ಲ ಅನ್ನುತ್ತಾರೆ. ನಮಗೆ ಉದ್ದ ಬ್ಯಾರಲ್ ಬೇಕು. 10/22 ಕಾರ್ಬೈನ್‌ನ ಬ್ಯಾರಲ್ 18.5 ಇಂಚು. ಸಿಝಡ್ 457 ಟ್ರೈನಿಂಗ್ ರೈಫಲ್‌ನದು 24.8 ಇಂಚು.

ಎರಡನೆಯದು ಮುಂದಿನ ಸೈಟ್‌ನ ಆಕಾರ. 10/22ರಲ್ಲಿ ಚಿನ್ನದ ಬಣ್ಣದ ದುಂಡನೆಯ ಮಣಿ. ಡಬ್ಬಿ ಹೊಡೆಯಲು ಬೇಗ ಕಣ್ಣಿಗೆ ಸಿಗುತ್ತದೆ. ಕಾಗದದ ಟಾರ್ಗೆಟ್‌ಗೆ ಮಣಿಗಿಂತ ತಲೆ ಚಪ್ಪಟೆ ಇರುವ ಪೋಸ್ಟ್ ಒಳ್ಳೆಯದು. ಕಪ್ಪು ವೃತ್ತದ ಕೆಳ ಅಂಚಿಗೆ ಅದರ ತಲೆಯನ್ನು ತಾಗಿಸಿ ಹಿಡಿದರೆ ಪ್ರತಿ ಸಲವೂ ಒಂದೇ ಚಿತ್ರ ಕಾಣುತ್ತದೆ. ಎನ್‌ಸಿಸಿಯಲ್ಲಿ ಫೋರ್‌ಸೈಟ್ ಟಿಪ್ ಅಂತ ಕಲಿಸುತ್ತಿದ್ದದ್ದು ಇದೇ ಅಲ್ವಾ?

ನಾನು ಬಳಸುವುದು ಹಳೆಯ ಸಿಝಡ್ 452, ಬೋಲ್ಟ್ ಆಕ್ಷನ್ ರೈಫಲ್. ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಅನ್ನುವ ಅಗುಳಿಯನ್ನು ಕೈಯಿಂದಲೇ ಎಳೆದು ತಳ್ಳಬೇಕು. ದೂರಕ್ಕೆ ತಕ್ಕ ಹಾಗೆ ಜಾರಿಸುವ ಹಿಂದಿನ ಸೈಟ್, ಮುಂದಿನ ಸೈಟ್‌ಗೆ ಕಬ್ಬಿಣದ ಮುಸುಕು. ಆ ಮುಸುಕು ಇರುವುದರಿಂದ ಬಿಸಿಲು ಪಕ್ಕದಿಂದ ಬಿದ್ದರೂ ಪೋಸ್ಟ್ ಹೊಳೆಯುವುದಿಲ್ಲ. ಚೆಕ್ ದೇಶದ ಉಹೆರ್ಸ್ಕಿ ಬ್ರೋಡ್ ಅನ್ನುವ ಊರಿನಲ್ಲಿ ಮಾಡುತ್ತಾರೆ. 452, ಆಮೇಲೆ 455, ಈಗ 457. ಮೂರಕ್ಕೂ ಅದೇ ಮ್ಯಾಗಜಿನ್ ಆಗುತ್ತದೆ. ಸಾಮಾನ್ಯವಾಗಿ 5 ಗುಂಡಿನದು ಜೊತೆಗೆ ಬರುತ್ತದೆ, 10ರದ್ದೂ ಸಿಗುತ್ತದೆ. ಮ್ಯಾಗಜಿನ್ ಜಾಗದಲ್ಲಿ ಕೂರುವ, ಒಂದೇ ಗುಂಡು ಹಾಕುವ ತುಂಡೂ ಬರುತ್ತದೆ. ಮಗನಿಗೆ ಕಲಿಸುವುದಾದರೆ ಅದನ್ನು ಖಂಡಿತ ತಗೊಳ್ಳಿ. ಒಂದು ಗುಂಡು, ಒಂದು ಉಸಿರು, ಬೋಲ್ಟ್ ತೆಗೆ. ಮಕ್ಕಳು ಇದರಲ್ಲಿ ಬೇಗ ಕಲಿಯುತ್ತಾರೆ.

ನಿಮ್ಮ ಡೀಲಕ್ಸ್ ರೈಫಲ್‌ನ ತೂಕ 6 ಪೌಂಡ್ 2 ಔನ್ಸ್. 457 ಟ್ರೈನಿಂಗ್ ರೈಫಲ್ ಕೂಡ ಹೆಚ್ಚು ಕಡಿಮೆ ಅಷ್ಟೇ. ಕೈಗೆ ಗುರುತಿನ ತೂಕ. ಲಕ್ಸ್ ಅನ್ನುವ ಮಾದರಿ ಇನ್ನೂ ಚೆಂದ, ಅದರ ಬಟ್‌ನ (ಹೆಗಲಿಗೆ ಒರಗುವ ಹಿಂಭಾಗದ) ಆಕಾರವನ್ನೇ ಓಪನ್ ಸೈಟ್‌ಗೆ ಹೊಂದುವ ಹಾಗೆ ಮಾಡಿದ್ದಾರೆ. ಆದರೆ ಅದು ನಿಮ್ಮ ಬಜೆಟ್ ದಾಟಬಹುದು. ಒಳ್ಳೆಯ ಸ್ಥಿತಿಯ ಹಳೆಯ 452 ಅಥವಾ 455 ಸಿಕ್ಕರೆ ಯೋಚನೆ ಮಾಡದೆ ನೋಡಿ.

ಎಡಿಸನ್, ನ್ಯೂಜೆರ್ಸಿ

ರೈಫಲ್ ಬಗ್ಗೆ ಬೇರೆಯವರು ಹೇಳಲಿ. ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ.

ಗ್ರೀನ್ ಕಾರ್ಡ್ ಇದ್ದರೆ ಫೆಡರಲ್ ಕಾನೂನಿನಲ್ಲಿ ತೊಂದರೆ ಇಲ್ಲ. ಅಂಗಡಿಯಲ್ಲಿ ಬಂದೂಕು ಖರೀದಿಯ 4473 ಫಾರಂ ತುಂಬುವಾಗ ಕಾರ್ಡ್ ಮೇಲಿರುವ ಎ-ನಂಬರ್ ಬರೆಯಬೇಕು, ಈಗಿನ ವಿಳಾಸ ಇರುವ ಐಡಿ ಕೊಡಬೇಕು. ಆದರೆ ಎಚ್-1ಬಿ (ಕೆಲಸ), ಎಫ್-1 (ಓದು), ವಿಸಿಟರ್ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ, ಗುಂಡು ಇಟ್ಟುಕೊಳ್ಳುವುದೂ ಅಪರಾಧ. ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ, ಬೇರೆ ಕೆಲವು ವಿನಾಯಿತಿಗಳೂ ಇವೆ. ಸುಮ್ನೆ ಸ್ನೇಹಿತರ ಜೊತೆ ಹೋಗಿ ಹೊಡೆದು ಬರೋಣ ಅನ್ನುವವರು ಇದನ್ನು ಮೊದಲು ವಕೀಲರ ಹತ್ತಿರ ಕೇಳಬೇಕು. ಊರಿಂದ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಇದ್ದರೆ ರೈಫಲ್ ಪೆಟ್ಟಿಗೆಯ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ರಾಜ್ಯದ ಕಾನೂನು ಬೇರೆ. ಇಲ್ಲಿ ನ್ಯೂಜೆರ್ಸಿಯಲ್ಲಿ ರೈಫಲ್ ತಗೊಳ್ಳಲು ಮೊದಲು ಪೊಲೀಸರಿಂದ ಐಡಿ ಕಾರ್ಡ್ ಬೇಕು, ಮ್ಯಾಗಜಿನ್ 10 ಗುಂಡು ಮೀರುವಂತಿಲ್ಲ. ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್, ಅಂದರೆ ಬಂದೂಕು ಇಟ್ಟುಕೊಳ್ಳುವವರ ಐಡಿ. ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಂಡು 10 ದಿನ ಕಾಯಬೇಕು. ಓಹಾಯೋದಲ್ಲಿ ಇಷ್ಟೆಲ್ಲ ಇಲ್ಲ, ನೀವು ಅದೃಷ್ಟವಂತರು.

ಸಿಯಾಟಲ್

ಎಡಿಸನ್‌ನವರ ಮಾತಿಗೆ ಸೇರಿಸುತ್ತೇನೆ. ಇಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ 2018ರಲ್ಲಿ ಜನರ ಮತದಿಂದ ಪಾಸಾದ ಕಾನೂನು, ಎಲ್ಲ ಸೆಮಿ ಆಟೊಮ್ಯಾಟಿಕ್ (ಒಂದು ಗುಂಡು ಹೊಡೆದ ಮೇಲೆ ಮುಂದಿನದು ತಾನಾಗಿಯೇ ಏರುವ) ರೈಫಲ್‌ಗಳನ್ನೂ ಬಿಗಿ ನಿಯಮದ ಒಂದೇ ಗುಂಪಿಗೆ ಸೇರಿಸಿತು. ಅದರಲ್ಲಿ 10/22 ಕೂಡ ಬರುತ್ತದೆ. ನಾನು ಬೋಲ್ಟ್ ಆಕ್ಷನ್ ತಗೊಳ್ಳಲು ಅದೂ ಒಂದು ಕಾರಣ. ಮುಂದೆ ಕೆಲಸಕ್ಕಾಗಿ ಬೇರೆ ರಾಜ್ಯಕ್ಕೆ ಹೋಗಬೇಕಾದೀತು ಅನ್ನುವವರು ಇದನ್ನು ಯೋಚಿಸಿ. ಬೋಲ್ಟ್ ಆಕ್ಷನ್ .22ಗೆ ಎಲ್ಲಿ ಹೋದರೂ ತಕರಾರು ಕಡಿಮೆ.

ಅಕ್ಕ, ನಿಮ್ಮ ಕಣ್ಣಿನ ವಿಷಯಕ್ಕೆ ಬರುತ್ತೇನೆ. ನನಗೂ ಅದೇ ವಯಸ್ಸು. ಹಿಂದಿನ ಸೈಟ್, ಮುಂದಿನ ಸೈಟ್, ಟಾರ್ಗೆಟ್ ಮೂರನ್ನೂ ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಮುಂದಿನ ಸೈಟ್ ಚೂಪಾಗಿ ಕಾಣಬೇಕು, ಟಾರ್ಗೆಟ್ ಮಸುಕಾದರೂ ನಡೆಯುತ್ತದೆ. ನಲವತ್ತು ದಾಟಿದ ಮೇಲೆ ಹಿಂದಿನ ಸೈಟ್‌ನ ಕಚ್ಚು ಮೊದಲು ಮಸುಕಾಗುತ್ತದೆ. ಇದಕ್ಕೆ ಪರಿಹಾರ ಪೀಪ್ ಸೈಟ್. ಚಿಕ್ಕ ತೂತಿನಿಂದ ನೋಡಿದರೆ ಹತ್ತಿರದ್ದೂ ದೂರದ್ದೂ ಎರಡೂ ಸಾಕಷ್ಟು ಸ್ಪಷ್ಟವಾಗುತ್ತವೆ, ಜೊತೆಗೆ ಸೈಟ್‌ಗಳ ನಡುವಿನ ದೂರವೂ ಜಾಸ್ತಿ ಆಗುತ್ತದೆ. 10/22ಗೆ, ಸ್ಯಾವೇಜ್ ಮಾರ್ಕ್ 2ಗೆ ಟೆಕ್-ಸೈಟ್ಸ್ ಅನ್ನುವವರು ಮಾಡುತ್ತಾರೆ. ಸ್ಕೋಪ್ ಬೇಡ ಅನ್ನುವವರಿಗೆ ಇದು ಒಳ್ಳೆಯ ದಾರಿ. ಹಾಗಾಗಿ ಯಾವ ರೈಫಲ್ ತಗೊಂಡರೂ, ನಾಳೆ ಪೀಪ್ ಸೈಟ್ ಕೂರಿಸಲು ಬರುತ್ತದಾ ಅಂತ ಕೇಳಿಕೊಳ್ಳಿ.

ಇನ್ನೊಂದು. ಆಪಲ್‌ಸೀಡ್ ಅಂತ ಶಿಬಿರಗಳು ನಡೆಯುತ್ತವೆ. 25 ಮೀಟರ್‌ನಲ್ಲಿ .22 ರೈಫಲ್‌ನಿಂದ ಮಲಗಿ, ಕೂತು, ನಿಂತು ಹೊಡೆಯುವುದನ್ನು ಕಲಿಸುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಅಲ್ಲಿ ಮ್ಯಾಗಜಿನ್ ಬದಲಿಸುವ ಸುತ್ತುಗಳೂ ಇರುತ್ತವೆ. ಒಂದೇ ಮ್ಯಾಗಜಿನ್ ಇಟ್ಟುಕೊಂಡು ಹೋದರೆ ಸಾಕಾಗುವುದಿಲ್ಲ, ಮೂರು ಇರಲಿ.

ಮಡಿಕೇರಿ

ನಮಸ್ಕಾರ ಅಕ್ಕ. ನಮ್ಮಲ್ಲಿ ಕೋವಿ ಮನೆಯ ಸದಸ್ಯನ ಹಾಗೆ. ಕೈಲ್ ಮುಹೂರ್ತಕ್ಕೆ ಹೂ ಇಟ್ಟು ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. 12 ಬೋರ್ (ಚರೆ ಕೋವಿ) ಬೇರೆ, .22 ಬೇರೆ. ಹೆಂಗಸರು, ಮಕ್ಕಳು ಎಲ್ಲರೂ ಹೊಡೆಯುತ್ತಾರೆ.

ನಾನು ಹೇಳುವುದು ಅಳತೆ ಬಗ್ಗೆ. ಅಂಗಡಿಯಲ್ಲಿ, ಅವರ ಒಪ್ಪಿಗೆ ಕೇಳಿ, ಖಾಲಿ ರೈಫಲ್ ಅನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ. ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ. ಕೆನ್ನೆ ಬಟ್ ಮೇಲೆ ಆರಾಮಾಗಿ ಕೂತ ಮೇಲೆ ಕಣ್ಣು ಬಿಡಿ. ಸೈಟ್ ಎದುರಿಗೇ ಇದ್ದರೆ ಅದು ನಿಮ್ಮ ಕೋವಿ. ಕುತ್ತಿಗೆ ಬಗ್ಗಿಸಬೇಕಾಗಿ ಬಂದರೆ, ಕೆನ್ನೆಯನ್ನು ಒತ್ತಿ ಕೆಳಗೆ ತರಬೇಕಾದರೆ ಬೇಡ. ಈಗಿನ ರೈಫಲ್‌ಗಳ ಬಟ್ ಸ್ಕೋಪ್‌ಗೆ ಅಂತ ಎತ್ತರ ಇರುತ್ತದೆ. ಅದರಲ್ಲಿ ಓಪನ್ ಸೈಟ್ ನೋಡುವುದು ಕಷ್ಟ. ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಗಂಡಸರ ಅಳತೆಯ ಬಟ್ ಕೊಟ್ಟರೆ ಅವರು ಹಿಂದಕ್ಕೆ ವಾಲಿ ನಿಲ್ಲುತ್ತಾರೆ. ಬಟ್ ಗಿಡ್ಡ ಮಾಡಿಕೊಟ್ಟ ಮೇಲೆ ಅದೇ ಹುಡುಗಿ ಕಾಯಿ ಒಡೆದದ್ದನ್ನು ನಾನು ನೋಡಿದ್ದೇನೆ.

ಡಲ್ಲಾಸ್

ಮಡಿಕೇರಿಯವರ ಮಾತು ಕೇಳಿ ಇನ್ನೊಂದು ಹೆಸರು ನೆನಪಾಯಿತು. ರೂಗರ್ ಅಮೆರಿಕನ್ ರಿಮ್‌ಫೈರ್. ಬೋಲ್ಟ್ ಆಕ್ಷನ್, ಆದರೆ 10/22ರ ಮ್ಯಾಗಜಿನ್ನೇ ಇದಕ್ಕೂ ಆಗುತ್ತದೆ. ಬಟ್‌ನ ಹಿಂಭಾಗ ಬದಲಿಸಬಹುದು. ಉದ್ದ ಬೇಕಾದರೆ ಉದ್ದ, ಗಿಡ್ಡ ಬೇಕಾದರೆ ಗಿಡ್ಡ, ಕೆನ್ನೆ ಇಡುವ ಜಾಗ ಎತ್ತರದ್ದು, ತಗ್ಗಿನದ್ದು. ತಾಯಿಗೂ ಮಗನಿಗೂ ಒಂದೇ ರೈಫಲ್ ಸಾಕಾಗಬಹುದು. ಎಲ್ಲ ಮಾದರಿಗಳಿಗೂ ಸೈಟ್ ಬರುವುದಿಲ್ಲ, ನೋಡಿ ತಗೊಳ್ಳಿ. ಸೈಟ್ ಇರುವುದರಲ್ಲಿ ಮುಂದೆ ಬಣ್ಣದ ಫೈಬರ್ ಚುಕ್ಕಿ. ಮಿನಿಯಾಪೊಲಿಸ್‌ನವರು ಹೇಳಿದ ಪೋಸ್ಟ್‌ನಷ್ಟು ಕರಾರುವಾಕ್ಕಲ್ಲ, ಒಪ್ಪುತ್ತೇನೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಸೆಮಿ ಆಟೊ ಬೇಡ, ಬೋಲ್ಟ್ ಅಂತ ಮನಸ್ಸು ಮಾಡಿದೆ. ಸ್ಯಾವೇಜ್ ಮಾರ್ಕ್ 2 ತುಂಬಾ ಅಗ್ಗಕ್ಕೆ ಸಿಗುತ್ತಿದೆ, ಅದು ಹೇಗೆ? ಮನೆಯಲ್ಲಿ ಗುಂಡಿಲ್ಲದೆ ಟ್ರಿಗರ್ ಅಭ್ಯಾಸ ಮಾಡಬಹುದಾ? ಯಾವ ಗುಂಡು ತರಲಿ?

ಮಿನಿಯಾಪೊಲಿಸ್

ಬೋಲ್ಟ್ ಒಳ್ಳೆಯ ನಿರ್ಧಾರ. 10/22ರಲ್ಲಿ ಕೊನೆಯ ಗುಂಡು ಹೋದ ಮೇಲೂ ಬೋಲ್ಟ್ ತಾನಾಗಿ ತೆರೆದು ನಿಲ್ಲುವುದಿಲ್ಲ. ಖಾಲಿಯೋ ಅಲ್ಲವೋ ಅಂತ ಎಳೆದು ನೋಡಬೇಕು. ಮಗುವಿಗೆ ಕಲಿಸುವಾಗ ಬೋಲ್ಟ್ ತೆರೆದಿರುವುದು ಕಣ್ಣಿಗೆ ಕಂಡರೆ ನಿಮಗೂ ನೆಮ್ಮದಿ. ಮನೆಯಲ್ಲಿ ಬೋಲ್ಟ್ ತೆಗೆದು ಬೇರೆ ಕಡೆ ಬೀಗ ಹಾಕಿ ಇಡಬಹುದು. ಬ್ಯಾರಲ್ ಅನ್ನು ಹಿಂದಿನಿಂದಲೇ ಒರೆಸಬಹುದು.

ಸ್ಯಾವೇಜ್ ಮಾರ್ಕ್ 2 ಕೆನಡಾದ ಲೇಕ್‌ಫೀಲ್ಡ್‌ನಲ್ಲಿ ಮಾಡುವ ರೈಫಲ್. ಬೆಲೆಗೆ ಹೋಲಿಸಿದರೆ ಬ್ಯಾರಲ್ ಚೆನ್ನಾಗಿದೆ. ಟ್ರಿಗರ್ ಮನೆಯಲ್ಲೇ ಹಗುರ ಮಾಡಿಕೊಳ್ಳಬಹುದು. ನನಗೆ ಸಮಾಧಾನ ಇಲ್ಲದಿರುವುದು ಅದರ ಮ್ಯಾಗಜಿನ್ ಮಾತ್ರ. ತೆಳು ತಗಡು. ಮ್ಯಾಗಜಿನ್ ಬಾಯಿಯ ತುಟಿ ಸ್ವಲ್ಪ ಬಗ್ಗಿದರೂ ಗುಂಡಿನ ಮೂತಿ ಚೇಂಬರ್ (ಬ್ಯಾರಲ್‌ನಲ್ಲಿ ಗುಂಡು ಕೂರುವ ಜಾಗ) ಅಂಚಿಗೆ ಹೊಡೆಯುತ್ತದೆ. ತಗೊಂಡರೆ ಮ್ಯಾಗಜಿನ್ ಬೀಳಿಸಬೇಡಿ, ಎರಡು ಹೆಚ್ಚಿಗೆ ಇಟ್ಟುಕೊಳ್ಳಿ. ಯಾವ ಪೆಟ್ಟಿಗೆ ಮ್ಯಾಗಜಿನ್ ಆದರೂ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಮುಂದೆ ಇರಬೇಕು.

ಖಾಲಿ ಟ್ರಿಗರ್: ರಿಮ್‌ಫೈರ್‌ನಲ್ಲಿ (.22 ಎಲ್ಆರ್ ಈ ಬಗೆಯದು) ಫೈರಿಂಗ್ ಪಿನ್ ಹೊಡೆಯುವುದು ಕಾರ್ಟ್ರಿಜ್‌ನ ಅಂಚಿಗೆ. ಕೆಲವು ರೈಫಲ್‌ಗಳಲ್ಲಿ ಕಾರ್ಟ್ರಿಜ್ ಇಲ್ಲದಿದ್ದರೆ ಪಿನ್ ಚೇಂಬರ್‌ಗೇ ಬಡಿದು ಅಂಚು ಹಾಳಾಗುತ್ತದೆ. ಕೈಪಿಡಿ ನೋಡಿ. ಗೋಡೆಗೆ ಸ್ಕ್ರೂ ಹಾಕಲು ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್ ಸಿಗುತ್ತದಲ್ಲ, 4ನೇ ಸೈಜ್, ಅದನ್ನು ಚೇಂಬರ್‌ನಲ್ಲಿಟ್ಟು ಅಭ್ಯಾಸ ಮಾಡುವವರು ಬಹಳ ಜನ. ಅಭ್ಯಾಸ ಮಾಡುವ ಕೋಣೆಯಲ್ಲಿ ನಿಜವಾದ ಗುಂಡು ಒಂದೂ ಇರಬಾರದು.

ಗುಂಡು: 40 ಗ್ರೇನ್ (ಗುಂಡಿನ ತೂಕ), ಸ್ಟಾಂಡರ್ಡ್ ವೆಲಾಸಿಟಿ (ಸಾಮಾನ್ಯ ವೇಗದ್ದು). ಸೆಕೆಂಡಿಗೆ 1,070 ಅಡಿ ಆಸುಪಾಸು. ಸಿಸಿಐನದ್ದು, ಎಸ್‌ಕೆಯದ್ದು, ಇನ್ನೂ ಒಂದೆರಡು ಬ್ರಾಂಡ್ 50ರ ಡಬ್ಬಿ ಒಂದೊಂದು ತಂದು ನೋಡಿ. ಒಂದೇ ಕಂಪನಿಯ ಎರಡು ರೈಫಲ್‌ಗೂ ಬೇರೆ ಬೇರೆ ಗುಂಡು ಒಗ್ಗಬಹುದು. ಮೊದಲೇ 500ರ ಪ್ಯಾಕ್ ತರಬೇಡಿ.

ತುಮಕೂರು, ನಿವೃತ್ತ ಸುಬೇದಾರ್

ಅಮ್ಮಾ, ಕ್ಯಾಡೆಟ್‌ಗಳಿಗೆ ಫೈರಿಂಗ್ ಕಲಿಸಿದವನು ನಾನು. ಹೊಸ ರೈಫಲ್ ಬಂದ ತಕ್ಷಣ ಸೈಟ್ ತಿರುಗಿಸಲು ಹೋಗಬೇಡಿ. ಮೊದಲು ಗ್ರೂಪಿಂಗ್. ಮಲಗಿ, ಒಂದೇ ಜಾಗಕ್ಕೆ ಗುರಿ ಇಟ್ಟು ಐದು ಗುಂಡು. ಐದೂ ಎಲ್ಲಿ ಬಿದ್ದರೂ ಸರಿ, ಒಂದರ ಹತ್ತಿರ ಒಂದು ಇದ್ದರೆ ಮಾತ್ರ ಸೈಟ್ ಮುಟ್ಟಬೇಕು. ಚೆಲ್ಲಾಪಿಲ್ಲಿ ಆಗಿದ್ದರೆ ತಪ್ಪು ಸೈಟ್‌ನದಲ್ಲ. ಹಿಡಿತ, ಉಸಿರು, ಟ್ರಿಗರ್ ನೋಡಿಕೊಳ್ಳಿ. ಮಗುವಿಗೆ ಕಿವಿಗೆ, ಕಣ್ಣಿಗೆ ರಕ್ಷಣೆ ಇಲ್ಲದೆ ರೇಂಜ್ ಒಳಗೆ ಕರೆದುಕೊಂಡು ಹೋಗಬೇಡಿ. .22 ಶಬ್ದ ಸಣ್ಣದು ಅಂತ ಬಿಡುವವರನ್ನು ನೋಡಿದ್ದೇನೆ. ಗುಂಡಿನಲ್ಲಿ ಸೀಸ ಇರುತ್ತದೆ, ಮುಗಿದ ಮೇಲೆ ತಣ್ಣೀರು, ಸೋಪು ಹಾಕಿ ಕೈ ತೊಳೆಸಿ. ಆಮೇಲೆ ತಿಂಡಿ ಕೊಡಿ.

ಕೇಳಿದವರು

ನಮಸ್ಕಾರ ಸಾಹೇಬ್ರೇ, ಹಾಗೇ ಮಾಡುತ್ತೇನೆ. ಇವತ್ತು ಅಂಗಡಿಗೆ ಹೋಗಿ ಮಡಿಕೇರಿಯವರು ಹೇಳಿದ ಹಾಗೆ ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ ನೋಡಿದೆ. ರೂಗರ್ ಅಮೆರಿಕನ್ ಗಿಡ್ಡ ಬಟ್‌ನಲ್ಲಿ ಚೆನ್ನಾಗಿ ಕೂತಿತು. ಆದರೆ ಪಕ್ಕದಲ್ಲೇ ಬಳಸಿದ ಸಿಝಡ್ 455 ಒಂದಿತ್ತು, ಕಣ್ಣು ಬಿಟ್ಟರೆ ಸೈಟ್ ಸರಿಯಾಗಿ ಎದುರಿಗೇ! ಎರಡು ಮ್ಯಾಗಜಿನ್ ಜೊತೆ ಬಜೆಟ್ ಒಳಗೇ ಬಂತು. ತೆಗೆದಿಡಲು ಹೇಳಿ ಬಂದಿದ್ದೇನೆ. ಮಗನಿಗೆ ಬಟ್ ಉದ್ದ ಆಗುತ್ತದೆ, ಅವನು ಸದ್ಯ ರೇಂಜ್‌ನವರ ಚಿಕ್ಕ ರೈಫಲ್‌ನಲ್ಲಿ ಕಲಿಯಲಿ. ಕೊನೆಯ ಪ್ರಶ್ನೆ: ಸೈಟ್ ಸರಿ ಮಾಡುವಾಗ ಯಾವ ಕಡೆಗೆ ಸರಿಸಬೇಕು?

ಮಿನಿಯಾಪೊಲಿಸ್

ಒಳ್ಳೆಯದು ತಗೊಂಡಿರಿ ಮೇಡಂ. ಹಿಂದಿನ ಸೈಟ್ ಅನ್ನು, ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೇ ಸರಿಸಿ. ಗುಂಡು ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟ್ ಬಲಕ್ಕೆ, ಕೆಳಗೆ ಬೀಳುತ್ತಿದ್ದರೆ ಮೇಲಕ್ಕೆ. ಮುಂದಿನ ಸೈಟ್ ಮುಟ್ಟಬೇಕಾಗಿ ಬಂದರೆ ಪೂರ್ತಿ ಉಲ್ಟಾ. 25 ಗಜದಲ್ಲಿ ಸರಿ ಮಾಡಿಕೊಳ್ಳಿ. 50 ಗಜಕ್ಕೆ ಹೋದಾಗ ಐದು ಗುಂಡು ಹೊಡೆದು ಎಷ್ಟು ವ್ಯತ್ಯಾಸ ಬಂತು ಅಂತ ಟಾರ್ಗೆಟ್ ಮೇಲೇ ಬರೆದಿಟ್ಟುಕೊಳ್ಳಿ. ಗುಂಡಿನ ಬ್ರಾಂಡ್ ಬದಲಿಸಿದರೆ ಮತ್ತೆ ಮೊದಲಿಂದ.