ಅಪ್ಪನ ಜಮಾಖರ್ಚಿನ ಪುಸ್ತಕದಲ್ಲಿರುವ ಅಮೆರಿಕದ ಹಳೆಯ ಅಂಚೆ ಚೀಟಿಗಳು: ಯಾವುದನ್ನು ಹೇಗೆ ಗುರುತಿಸಬೇಕು?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಮಂಡಿಪೇಟೆಯ ಹತ್ತಿ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಗೆಳೆಯರು ಕೊಟ್ಟ ಅಂಚೆ ಚೀಟಿಗಳನ್ನೂ, ಆಗಿನ ಕಾಲದಲ್ಲಿ ಪೊಟ್ಟಣದ ಲೆಕ್ಕದಲ್ಲಿ ಸಿಗುತ್ತಿದ್ದ ವಿದೇಶಿ ಚೀಟಿಗಳನ್ನೂ ಅವರು ಒಂದು ಹಳೆಯ ಜಮಾಖರ್ಚಿನ ಪುಸ್ತಕದಲ್ಲಿ ಅಂಟಿಸಿಟ್ಟಿದ್ದರು. ಕಳೆದ ತಿಂಗಳು ಟ್ರಂಕು ತೆರೆದಾಗ ಆ ಪುಸ್ತಕ ಸಿಕ್ಕಿತು. ಅದರ ಎರಡು ಪುಟಗಳ ತುಂಬ ಅಮೆರಿಕದ ಹತ್ತೊಂಬತ್ತನೆಯ ಶತಮಾನದ ಚೀಟಿಗಳಿವೆ, ಒಟ್ಟು ಇಪ್ಪತ್ಮೂರು. ಎಲ್ಲವೂ ಬಳಸಿದವು, ಎಲ್ಲದರ ಮೇಲೂ ಮೊಹರು ಬಿದ್ದಿದೆ.

ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಹಸಿರು ಬಣ್ಣದ ಮೂರು ಸೆಂಟಿನ ವಾಷಿಂಗ್ಟನ್ ಚೀಟಿಗಳು ಹನ್ನೊಂದು, ಗುಲಾಬಿ ಬಣ್ಣದ ಮೂರು ಸೆಂಟಿನವು ಆರು, ಕೊಲಂಬಸ್ ದಡಕ್ಕಿಳಿಯುವ ಚಿತ್ರವಿರುವ ನೇರಳೆ ಬಣ್ಣದ ಎರಡು ಸೆಂಟಿನವು ನಾಲ್ಕು, ಚೀಟಿಯ ತುಂಬ ಒಂದೇ ಮುಖವಿರುವ ಕಪ್ಪು ಬಣ್ಣದ ಎರಡು ಸೆಂಟಿನದು ಒಂದು ಮತ್ತು ನೀಲಿ ಬಣ್ಣದ ಒಂದು ಸೆಂಟಿನ ಫ್ರಾಂಕ್ಲಿನ್ ಒಂದು. ನನ್ನ ಅಕ್ಕನ ಮಗ ಮೊಬೈಲಿನಲ್ಲಿ ಹುಡುಕಿ, ಇಂಥದೇ ನೀಲಿ ಫ್ರಾಂಕ್ಲಿನ್ ಚೀಟಿಯೊಂದು 2024ರಲ್ಲಿ ನಲವತ್ತು ಲಕ್ಷ ಡಾಲರಿಗೂ ಮಿಕ್ಕಿ ಹರಾಜಾಯಿತೆಂದು ತೋರಿಸಿದ. ಅಂದಿನಿಂದ ಮನೆಯಲ್ಲಿ ಆ ಪುಸ್ತಕಕ್ಕೆ ಬೀಗ ಬಿದ್ದಿದೆ.

ಬೆಲೆಯ ಆಸೆ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚಾಗಿ, ಅಪ್ಪ ಬಿಟ್ಟುಹೋದ ಕೆಲಸವನ್ನು ಮುಂದುವರಿಸಬೇಕೆಂಬ ಮನಸ್ಸಾಗಿದೆ. ಅವರು ಇವುಗಳನ್ನು ಮೈದಾ ಅಂಟಿನಿಂದ ಅಂಟಿಸಿದಂತಿದೆ, ಬಿಡಿಸುವುದು ಹೇಗೆ? ಮುಖವೇ ಕಾಣದಂತೆ ಮೊಹರು ಬಿದ್ದ ಚೀಟಿಗಳಿಗೆ ಮಹತ್ವ ಕಡಿಮೆಯೇ? ನೋಡಲು ಒಂದೇ ರೀತಿಯಿರುವ ಹನ್ನೊಂದು ಹಸಿರು ಚೀಟಿಗಳನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಚಿತ್ರದುರ್ಗದಿಂದ, ನಿವೃತ್ತ ಅಂಚೆ ನೌಕರ)

ಸ್ವಾಮಿ, ಮೊಹರಿನ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮೂವತ್ತಾರು ವರ್ಷ ಮೊಹರು ಒತ್ತಿದ ಕೈ ಇದು.

ಅಮೆರಿಕದಲ್ಲಿ ಇಡೀ ದೇಶಕ್ಕೆ ಸಲ್ಲುವ ಅಂಚೆ ಚೀಟಿಗಳು ಬಂದದ್ದು 1847ರ ಜುಲೈ 1ರಂದು: ಐದು ಸೆಂಟಿನ ಫ್ರಾಂಕ್ಲಿನ್ ಮತ್ತು ಹತ್ತು ಸೆಂಟಿನ ವಾಷಿಂಗ್ಟನ್. ಮುನ್ನೂರು ಮೈಲಿಯೊಳಗೆ ಐದು ಸೆಂಟು, ಅದರಾಚೆಗೆ ಹತ್ತು ಸೆಂಟು ಎಂಬುದು ಆಗಿನ ದರ. 1851ರಲ್ಲಿ ದರ ಇಳಿದು, ಮೊದಲೇ ಹಣ ಕಟ್ಟಿದ ಕಾಗದ ಮೂರು ಸಾವಿರ ಮೈಲಿಯವರೆಗೂ ಮೂರು ಸೆಂಟಿಗೆ ಹೋಗತೊಡಗಿತು; 1883ರ ಅಕ್ಟೋಬರ್ 1ರಂದು ಅದೂ ಎರಡು ಸೆಂಟಾಯಿತು. ನಡುವಿನ ಮೂವತ್ತು ಚಿಲ್ಲರೆ ವರ್ಷ ಇಡೀ ದೇಶ ಮೂರು ಸೆಂಟಿನ ಚೀಟಿಯನ್ನೇ ಅಂಟಿಸಿತು. ನಿಮ್ಮ ತಂದೆಯವರ ಪುಟದಲ್ಲಿ ಇಪ್ಪತ್ಮೂರಕ್ಕೆ ಹದಿನೇಳು ಮೂರು ಸೆಂಟಿನವೇ ಆಗಿರುವುದಕ್ಕೆ ಕಾರಣ ಇಷ್ಟೇ. ಸಾಧಾರಣ ಸ್ಥಿತಿಯ ಹಸಿರು ವಾಷಿಂಗ್ಟನ್ನನ್ನು ಇಂದಿಗೂ ನಿಮ್ಮೂರಿನ ಒಂದು ಪ್ಲೇಟು ಬೆಣ್ಣೆ ದೋಸೆಯ ಬೆಲೆಗೆ ಕೊಳ್ಳಬಹುದು.

ಹಾಗೆಂದು ಅದನ್ನು ಅಸಡ್ಡೆ ಮಾಡಬೇಡಿ. ಆ ಕಾಲದ ಅಮೆರಿಕದಲ್ಲಿ ಚೀಟಿಯನ್ನು ಕೆಡಿಸುವ ಮೊಹರನ್ನು ಅನೇಕ ಪೋಸ್ಟ್ ಮಾಸ್ಟರುಗಳು ತಾವೇ ಮಾಡಿಕೊಳ್ಳುತ್ತಿದ್ದರು. ಸೀಸೆಯ ಕಾರ್ಕ್ ಬಿರಡೆಯನ್ನು ಚಾಕುವಿನಿಂದ ಕೆತ್ತಿ, ಮಸಿಯಲ್ಲಿ ಅದ್ದಿ ಒತ್ತಿದರೆ ಮುಗಿಯಿತು. ಹೆಚ್ಚಿನವರು ನಾಲ್ಕು ಗೀಟು ಹಾಕಿ ಬಿಟ್ಟರೆ, ಕೆಲವರು ನಕ್ಷತ್ರ, ಎಲೆ, ಗುರಾಣಿ ಎಂದು ಕೆತ್ತುತ್ತ ಕುಳಿತರು. ಕನೆಕ್ಟಿಕಟ್ ರಾಜ್ಯದ ವಾಟರ್ಬರಿ ಎಂಬ ಊರಿನಲ್ಲಿ ಜಾನ್ ಹಿಲ್ ಎಂಬಾತ 1860ರ ದಶಕದಲ್ಲಿ ಕೆತ್ತಿದ ಬಿರಡೆ ಮೊಹರುಗಳು ಇಂದು ಸಂಗ್ರಾಹಕರ ಕನಸು. ಅದರಲ್ಲೂ ಓಡುವ ಕೋಳಿಯ ಮೊಹರು ಬಿದ್ದ ಮೂರು ಸೆಂಟಿನ ಚೀಟಿ ಸಾಮಾನ್ಯ ಚೀಟಿಯ ಸಾವಿರಾರು ಪಟ್ಟು ಬೆಲೆ ಬಾಳುತ್ತದೆ. ನಮ್ಮ ಕಾಲದಲ್ಲಿ ಇಲಾಖೆ ಕೊಟ್ಟ ಲೋಹದ ಮೊಹರನ್ನು ಬಿಟ್ಟು ಬೇರೆಯದನ್ನು ಮುಟ್ಟಿದ್ದರೆ ಮೆಮೋ ಬರುತ್ತಿತ್ತು. ಆದ್ದರಿಂದ ಮುಖ ಮುಚ್ಚಿದೆಯೆಂದು ಬೇಸರಪಡುವ ಮುನ್ನ, ಮುಚ್ಚಿದ ಆಕಾರ ಯಾವುದೆಂದು ಭೂತಗನ್ನಡಿಯಲ್ಲಿ ನೋಡಿ. ಮಸಿ ಮೆತ್ತಿ ಆಕಾರವೇ ಇಲ್ಲದಂತಾಗಿದ್ದರೆ ಮಾತ್ರ ಅದು ದೋಷ. ಲೇಖನಿಯಿಂದ ಗೀಚಿ ರದ್ದು ಮಾಡಿದವಕ್ಕೂ ಬೆಲೆ ಕಡಿಮೆಯೇ, ಮತ್ತು ಆ ಗೀಟನ್ನು ರಾಸಾಯನಿಕದಿಂದ ಅಳಿಸಿ ಬಳಸದ ಚೀಟಿಯೆಂದು ಮಾರುವ ಕಳ್ಳರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ.

ಇನ್ನು ಬಿಡಿಸುವ ಕೆಲಸ. ಚೀಟಿಯನ್ನು ಪುಸ್ತಕದಿಂದ ಕೀಳಬೇಡಿ. ಪುಟವನ್ನೇ ಚೀಟಿಯ ಸುತ್ತ ಧಾರಾಳವಾಗಿ ಕತ್ತರಿಸಿ, ಅಗಲವಾದ ತಟ್ಟೆಯಲ್ಲಿ ತಣ್ಣೀರು ಹಾಕಿ, ಮುಖ ಮೇಲಾಗಿ ತೇಲಬಿಡಿ. ಮೈದಾ ಅಂಟು ಅರ್ಧ ಗಂಟೆಯೊಳಗೆ ತಾನಾಗಿ ಬಿಡುತ್ತದೆ. ಒದ್ದೆ ಚೀಟಿಯನ್ನು ಬೆರಳಿನಿಂದ ಎತ್ತದೆ ಚಿಮಟದಿಂದ ಎತ್ತಿ, ಅಚ್ಚಿಲ್ಲದ ಬಿಳಿ ಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ.

ಉತ್ತರ 2 (ದಾವಣಗೆರೆಯಿಂದ, ಇಪ್ಪತ್ತು ವರ್ಷಗಳಿಂದ ಸಂಗ್ರಾಹಕಿ)

ಮೇಲಿನ ಹಿರಿಯರು ಹೇಳಿದ್ದೆಲ್ಲ ಸರಿ, ಆದರೆ ನೀರಿಗೆ ಹಾಕುವ ಮಾತನ್ನು ಸ್ವಲ್ಪ ತಡೆಯಬೇಕೆಂದು ಕೋರುತ್ತೇನೆ. ಯಾವುದಾದರೂ ಚೀಟಿ ಮೂಲ ಲಕೋಟೆಯ ತುಂಡಿನ ಮೇಲೆಯೇ ಇದ್ದು, ಮೊಹರು ಚೀಟಿಯಿಂದ ಲಕೋಟೆಗೆ ಹರಿದಿದ್ದರೆ, ಅದನ್ನು ತೇಲಿಸಿದ ಕ್ಷಣವೇ ಆ ಚೀಟಿ ಆ ಕಾಗದದ ಮೇಲೆಯೇ ಬಳಕೆಯಾಯಿತೆಂಬುದಕ್ಕಿದ್ದ ಸಾಕ್ಷಿ ಕರಗಿಹೋಗುತ್ತದೆ. ಎರಡನೆಯದಾಗಿ, ಒಣಗಿದ ಮೇಲೆ ಸುರುಳಿ ಸುತ್ತಿಕೊಂಡಿತೆಂದು ಇಸ್ತ್ರಿ ಮಾಡುವುದಾಗಲಿ, ಭಾರದ ಪುಸ್ತಕಗಳ ಕೆಳಗೆ ದಿನಗಟ್ಟಲೆ ಒತ್ತಿಡುವುದಾಗಲಿ ಕೂಡದು. ಏಕೆಂದು ಹೇಳಲು ನಿಮ್ಮ ನೀಲಿ ಫ್ರಾಂಕ್ಲಿನ್ ಕಡೆಗೆ ಬರಬೇಕು.

1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ದಕ್ಷಿಣದ ರಾಜ್ಯಗಳ ಅಂಚೆ ಕಚೇರಿಗಳಲ್ಲಿ ಚೀಟಿಗಳ ದೊಡ್ಡ ದಾಸ್ತಾನು ಉಳಿದಿತ್ತು. ಅದು ಎದುರಾಳಿಗಳಿಗೆ ಹಣವಾಗಬಾರದೆಂದು ಉತ್ತರದ ಸರ್ಕಾರ ಹಳೆಯ ಚೀಟಿಗಳನ್ನೆಲ್ಲ ಅಮಾನ್ಯ ಮಾಡಿ, ನ್ಯಾಷನಲ್ ಬ್ಯಾಂಕ್ ನೋಟ್ ಕಂಪನಿಯಿಂದ ಹೊಸ ಚೀಟಿಗಳನ್ನು ಅಚ್ಚು ಹಾಕಿಸಿತು. ನಿಮ್ಮ ನೀಲಿ ಒಂದು ಸೆಂಟು, ಗುಲಾಬಿ ಮೂರು ಸೆಂಟು ಆ ಸರಣಿಯವು. 1863ರಲ್ಲಿ ಅದಕ್ಕೆ ಸೇರಿದ ಆಂಡ್ರೂ ಜಾಕ್ಸನ್ನನ ಮುಖವೇ ನಿಮ್ಮ ಕಪ್ಪು ಎರಡು ಸೆಂಟು, ಸಂಗ್ರಾಹಕರ ಬಾಯಲ್ಲಿ ‘ಬ್ಲ್ಯಾಕ್ ಜಾಕ್’. (ಅದೇ ಯುದ್ಧದಿಂದ ಅಮೆರಿಕದ ಹತ್ತಿ ಮ್ಯಾಂಚೆಸ್ಟರಿಗೆ ಹೋಗುವುದು ನಿಂತು, ನಮ್ಮ ಧಾರವಾಡದ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಹತ್ತಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಆ ಕಾಲದ ಚೀಟಿಗಳು ಕುಳಿತಿರುವುದು ನನಗಂತೂ ತಮಾಷೆಯೆನಿಸಿತು.)

ಜನ ಮೊಹರನ್ನು ತೊಳೆದು ಚೀಟಿಯನ್ನು ಮತ್ತೆ ಬಳಸುತ್ತಾರೆಂಬ ಭಯದಿಂದ 1867ರ ಸುಮಾರಿಗೆ ಒಂದು ಉಪಾಯ ಹೂಡಿದರು. ಚಾರ್ಲ್ಸ್ ಸ್ಟೀಲ್ ಎಂಬಾತನ ಪೇಟೆಂಟಿನಂತೆ ಚೀಟಿಗೆ ಪುಟ್ಟ ಪುಟ್ಟ ಮೊನೆಗಳ ಅಚ್ಚೊತ್ತಿ ಕಾಗದದ ನಾರನ್ನು ಮುರಿದರು; ಮೊಹರಿನ ಮಸಿ ಒಳಕ್ಕಿಳಿದರೆ ತೊಳೆಯಲಾಗದೆಂಬುದು ಲೆಕ್ಕಾಚಾರ. ದೋಸೆಯ ಮೈಮೇಲಿನ ತೂತುಗಳ ಹಾಗೆ ಸಾಲಾಗಿ ಕಾಣುವ ಈ ಗುರುತಿಗೆ ಗ್ರಿಲ್ ಎನ್ನುತ್ತಾರೆ. ಚಿತ್ರ 1861ರದೇ, ಬಣ್ಣವೂ ಅದೇ. ವ್ಯತ್ಯಾಸವೆಲ್ಲ ಕಾಗದದ ಮೈಯಲ್ಲಿ. ಗ್ರಿಲ್‌ಗಳಲ್ಲಿ ಹಲವು ಬಗೆ. ‘ಎಫ್’ ಗ್ರಿಲ್ ಸುಮಾರು 9 ಗುಣಿಸು 13 ಮಿಲಿಮೀಟರ್, ‘ಇ’ ಗ್ರಿಲ್ 11 ಗುಣಿಸು 13, ‘ಝಡ್’ ಗ್ರಿಲ್ 11 ಗುಣಿಸು 14. ಅಳತೆಗಿಂತಲೂ ಮುಖ್ಯವಾದದ್ದು ಮೊನೆಯ ತುದಿ: ಇ ಮತ್ತು ಎಫ್‌ಗಳಲ್ಲಿ ತುದಿಯ ಗೆರೆ ನಿಂತಿರುತ್ತದೆ, ಝಡ್‌ನಲ್ಲಿ ಮಲಗಿರುತ್ತದೆ. ನಿಮ್ಮ ಅಕ್ಕನ ಮಗ ತೋರಿಸಿದ್ದು ಝಡ್ ಗ್ರಿಲ್ ಇರುವ ಒಂದು ಸೆಂಟು. ಜಗತ್ತಿನಲ್ಲಿ ಎರಡೇ ಗೊತ್ತಿವೆ. ಒಂದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿದ್ದು, ಇನ್ನೊಂದು ಹರಾಜಿನಲ್ಲಿ ಕೈ ಬದಲಾಯಿಸಿದ್ದು. ಎರಡೂ ಬಳಸಿದ ಚೀಟಿಗಳು, ಎರಡರ ಮೇಲೂ ಮೊಹರಿದೆ ಎಂಬುದನ್ನು ಗಮನಿಸಿ.

ಗ್ರಿಲ್ ಎಂಬುದು ಬರೀ ಉಬ್ಬುತಗ್ಗು. ಇಸ್ತ್ರಿಪೆಟ್ಟಿಗೆ ಇಟ್ಟರೆ ಅದು ಸಪಾಟಾಗಿ ಹೋಗುತ್ತದೆ. ಆದ್ದರಿಂದಲೇ ನಾನು ಮೇಲೆ ತಡೆದದ್ದು. ಚೀಟಿ ಬಿಡಿಸಿ ಒಣಗಿದ ಮೇಲೆ ಬೆನ್ನನ್ನು ಮೇಲೆ ಮಾಡಿ, ಸಂಜೆಯ ಓರೆ ಬಿಸಿಲಿನಲ್ಲಿ ಹಿಡಿದು ತಿರುಗಿಸಿ ನೋಡಿ. ಗ್ರಿಲ್ ಇದ್ದರೆ ಸಾಲು ನೆರಳುಗಳು ಏಳುತ್ತವೆ. ಇದ್ದರೂ ಕೂಡಲೇ ಸಂಭ್ರಮಿಸಬೇಡಿ, ಸಾಮಾನ್ಯ ಚೀಟಿಗೆ ಗ್ರಿಲ್ ಒತ್ತಿ ಮೋಸ ಮಾಡುವವರಿದ್ದಾರೆ. ಅಂಥದಕ್ಕೆ ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಷನ್ನಿನಂಥ ಸಂಸ್ಥೆಯ ಪ್ರಮಾಣಪತ್ರವಿಲ್ಲದೆ ಯಾರೂ ಬೆಲೆ ಕಟ್ಟುವುದಿಲ್ಲ.

ಹನ್ನೊಂದು ಹಸಿರು ಚೀಟಿಗಳು ಒಂದೇ ಎಂದಿರಿ. ಅಲ್ಲ. ಈ ಚಿತ್ರವನ್ನು 1870ರಿಂದ ನ್ಯಾಷನಲ್, 1873ರಿಂದ ಕಾಂಟಿನೆಂಟಲ್, 1879ರಿಂದ ಅಮೆರಿಕನ್ ಎಂಬ ಮೂರು ಬ್ಯಾಂಕ್ ನೋಟ್ ಕಂಪನಿಗಳು ಅಚ್ಚು ಹಾಕಿದವು. ಕಾಂಟಿನೆಂಟಲ್ ಕಂಪನಿಯ ಅಚ್ಚಿನಲ್ಲಿ ಗುಪ್ತ ಗುರುತುಗಳಿವೆ. ಮೂರು ಸೆಂಟಿನ ಚೀಟಿಯಲ್ಲಿ ಎಡಗಡೆಯ ರಿಬ್ಬನ್ನಿನ ಮೇಲಿನ ಬಾಲದ ಕೆಳಭಾಗ ದಟ್ಟವಾಗಿ ಕಪ್ಪಾಗಿರುತ್ತದೆ. ಆ ಗುರುತು ಇಲ್ಲದಿದ್ದರೆ ನ್ಯಾಷನಲ್. ಇದ್ದರೆ ಕಾಗದ ನೋಡಬೇಕು: ಕಾಂಟಿನೆಂಟಲ್‌ನದು ಗಟ್ಟಿ, ಕಿವಿಯ ಹತ್ತಿರ ಹಿಡಿದು ಮೆಲ್ಲನೆ ಚಿಮ್ಮಿದರೆ ಹೊಸ ನೋಟಿನ ಸದ್ದು ಬರುತ್ತದೆ, ಅಮೆರಿಕನ್ ಕಂಪನಿಯದು ಮೆದು, ಸದ್ದು ಸತ್ತಿರುತ್ತದೆ. ನನಗೆ ಈ ಸದ್ದು ಕೈವಶವಾಗಲು ಎರಡು ಬೇಸಿಗೆ ಹಿಡಿದವು. ಮಳೆಗಾಲದಲ್ಲಿ ಈ ಪರೀಕ್ಷೆ ಮಾಡಬೇಡಿ, ಎಲ್ಲ ಕಾಗದವೂ ಮೆತ್ತಗಾಗಿರುತ್ತದೆ. ನೀರುಗುರುತು (ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಗುರುತು) ಹುಡುಕುವ ಶ್ರಮವೂ ಬೇಡ, ಅಮೆರಿಕದ ಚೀಟಿಗಳ ಕಾಗದಕ್ಕೆ ಅದು ಬಂದದ್ದು 1895ರಲ್ಲಿ.

ಕೊಳ್ಳುವ ವಿಚಾರದಲ್ಲಿ ನಾನು ಮೋಸಹೋದದ್ದನ್ನು ಹೇಳುತ್ತೇನೆ. ಹತ್ತು ಸೆಂಟಿನ ಹಸಿರು ವಾಷಿಂಗ್ಟನ್, ಅಂಚಿನಲ್ಲಿ ಹಲ್ಲುಗಳಿಲ್ಲದ್ದು, 1855ರದೆಂದು ಅಂತರ್ಜಾಲದಲ್ಲಿ ಒಬ್ಬ ಮಾರಾಟಗಾರನಿಂದ ಕೊಂಡೆ. ಅಮೆರಿಕದ ಚೀಟಿಗಳಿಗೆ ಹಲ್ಲು ಬಂದದ್ದು 1857ರಲ್ಲಿ, ಅದಕ್ಕೂ ಹಿಂದಿನದೆಂದರೆ ಸಹಜವಾಗಿ ಹಲ್ಲಿಲ್ಲ ಎಂದುಕೊಂಡೆ. ಮನೆಗೆ ಬಂದ ಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಎರಡೂ ಬದಿಯ ಅಲಂಕಾರದ ಅಂಚು ಸವೆದು ಕಿರಿದಾಗಿತ್ತು. ಅದು ಈ ಚಿತ್ರದ ಅಚ್ಚುಗಳಲ್ಲಿ ಸಂಗ್ರಾಹಕರು ಗುರುತಿಸುವ ಐದನೆಯ ಬಗೆ. ಆ ಬಗೆ ಬಂದದ್ದೇ 1859ರಲ್ಲಿ, ಹಲ್ಲಿನೊಂದಿಗೆ ಮಾತ್ರ. ಅಂದರೆ ಯಾರೋ ಕತ್ತರಿ ಹಿಡಿದು ಹಲ್ಲು ಕತ್ತರಿಸಿದ್ದರು. ಒಂದು ಚೀಟಿಯ ಜೊತೆ ನನ್ನ ಅರ್ಧ ತಿಂಗಳ ಉಳಿತಾಯವೂ ಕತ್ತರಿಸಿಹೋಯಿತು. ಅದನ್ನು ಎಸೆದಿಲ್ಲ, ಹೊಸಬರಿಗೆ ತೋರಿಸಲು ಆಲ್ಬಮ್ಮಿನ ಮೊದಲ ಪುಟದಲ್ಲಿಟ್ಟಿದ್ದೇನೆ.

ಪ್ರಶ್ನೆ ಕೇಳಿದವರ ಮರುಬರಹ

ಇಬ್ಬರಿಗೂ ಕೃತಜ್ಞತೆಗಳು. ಮೇಡಂ ಹೇಳಿದಂತೆ ಆತುರಪಡದೆ ಮೊದಲು ಲಕೋಟೆಯ ತುಂಡುಗಳನ್ನು ಬೇರ್ಪಡಿಸಿದೆ; ಎರಡು ಸಿಕ್ಕವು, ಅವನ್ನು ನೀರಿಗೆ ತಾಗಿಸಿಲ್ಲ. ಉಳಿದವನ್ನು ಸ್ಟೀಲ್ ತಟ್ಟೆಯಲ್ಲಿ ತೇಲಿಸಿದೆ. ಮೈದಾ ಅಂಟು ಹಾಲಿನಂತೆ ಬಿಟ್ಟುಕೊಂಡಿತು.

ನೀಲಿ ಫ್ರಾಂಕ್ಲಿನ್ನನ್ನು ಸಂಜೆ ಐದೂವರೆಗೆ ಮಾಳಿಗೆಯ ಮೇಲೆ ಒಯ್ದು ಬಿಸಿಲಿಗೆ ಓರೆಯಾಗಿ ಹಿಡಿದು, ಅಕ್ಕನ ಮಗನೂ ನಾನೂ ಕಾಲು ಗಂಟೆ ತಿರುಗಿಸಿದೆವು. ಬೆನ್ನು ಗಾಜಿನಂತೆ ಸಪಾಟಾಗಿದೆ, ಗ್ರಿಲ್ ಇಲ್ಲ. ಅವನು ಸುಮ್ಮನೆ ಕೆಳಗಿಳಿದು ಹೋದ. ಪುಸ್ತಕದ ಬೀಗ ತೆಗೆದಾಗಿದೆ.

ಆದರೆ ಹಸಿರಿನಲ್ಲಿ ಕೆಲಸ ಶುರುವಾಗಿದೆ. ಹನ್ನೊಂದರಲ್ಲಿ ಏಳಕ್ಕೆ ರಿಬ್ಬನ್ನಿನ ಬಾಲ ಕಪ್ಪಾಗಿದೆ, ನಾಲ್ಕಕ್ಕೆ ಇಲ್ಲ. ಏಳರಲ್ಲಿ ಎರಡು ಚಿಮ್ಮಿದಾಗ ಸದ್ದು ಮಾಡುತ್ತವೆಂದು ನನಗನಿಸುತ್ತದೆ, ಮನೆಯವಳಿಗೆ ಹಾಗನಿಸುವುದಿಲ್ಲ. ಲಕೋಟೆಯ ಒಂದು ತುಂಡಿನ ಮೇಲಿರುವ ಹಸಿರು ಚೀಟಿಯ ಮೊಹರು ಕಪ್ಪು ಚುಕ್ಕೆಯೆಂದುಕೊಂಡಿದ್ದೆ. ಭೂತಗನ್ನಡಿಯಲ್ಲಿ ಅದು ಆರು ಮೂಲೆಯ ನಕ್ಷತ್ರ, ಒಂದು ಮೂಲೆ ಮಾತ್ರ ಮೊಂಡಾಗಿದೆ. ಆ ಮೂಲೆಯಲ್ಲಿ ಮಸಿಯ ಅಂಚು ಹರಿದ ಹಾಗಿದೆ. ಇದು ಒತ್ತುವಾಗ ಆದ ದೋಷವೇ?

ಉತ್ತರ 3 (ಚಿತ್ರದುರ್ಗದ ನಿವೃತ್ತ ಅಂಚೆ ನೌಕರ)

ಲಕೋಟೆಯ ತುಂಡಿನ ವಿಷಯದಲ್ಲಿ ಮೇಡಂ ತಿದ್ದಿದ್ದು ಸರಿ, ಒಪ್ಪಿಕೊಂಡೆ.

ನಕ್ಷತ್ರದ ಮೂಲೆ ಒತ್ತುವಾಗ ಹಾಗಾದದ್ದಲ್ಲ ಎಂದು ನನ್ನ ಊಹೆ. ಕೈ ಜಾರಿದ್ದರೆ ಇಡೀ ಮೊಹರು ಒಂದೇ ದಿಕ್ಕಿಗೆ ಎಳೆದುಕೊಳ್ಳುತ್ತದೆ, ಒಂದು ಮೂಲೆ ಮಾತ್ರ ಕೆಡುವುದಿಲ್ಲ. ಕಾರ್ಕ್ ದಿನವೂ ಮಸಿ ಕುಡಿದು ಒತ್ತಿಸಿಕೊಂಡರೆ ಕೆಲವು ವಾರಗಳಲ್ಲೇ ಉದುರತೊಡಗುತ್ತದೆ; ಆ ಮೂಲೆ ಬಿರಡೆಯಿಂದಲೇ ಉದುರಿರಬೇಕು. ಲಕೋಟೆಯ ತುಂಡಿನ ಮೇಲೆ ನಕ್ಷತ್ರದ ಪಕ್ಕದಲ್ಲಿ ಊರಿನ ಹೆಸರಿರುವ ದುಂಡು ಮೊಹರಿನ ಕಮಾನೇನಾದರೂ ಉಳಿದಿದೆಯೇ ನೋಡಿ. ಎರಡು ಅಕ್ಷರ ಸಿಕ್ಕರೂ ಸಾಕು, ಇಲ್ಲಿ ಬರೆಯಿರಿ.