13 ತಿಂಗಳಾದರೂ ಒಂದೂ ಹಲ್ಲಿಲ್ಲ, ನಿಮ್ಮ ಮಕ್ಕಳಿಗೆ ಯಾವಾಗ ಬಂತು?

ಹೊಸನಗರದ ಅಮ್ಮ: ಮಗಳಿಗೆ ಮೊನ್ನೆ 13 ತಿಂಗಳು ತುಂಬಿತು. ಬಾಯಲ್ಲಿ ಒಂದೂ ಹಲ್ಲಿಲ್ಲ. ಊಟ, ಆಟ ಎಲ್ಲ ಸರಿಯಿದೆ, ಗೋಡೆ ಹಿಡಿದು ನಡೆಯುತ್ತಾಳೆ. ಶಿವಮೊಗ್ಗಕ್ಕೆ ಹೋಗಿ ತೋರಿಸಬೇಕಾ, ಇನ್ನೂ ಕಾಯಬೇಕಾ? ಅನುಭವ ಇದ್ದವರು ಹೇಳಿ.

ಸಾಗರದಿಂದ: ನನ್ನ ಮಗನಿಗೆ 14 ತಿಂಗಳು ಕಳೆದ ಮೇಲೆ ಕೆಳಗಿನ ಮುಂದಿನ ಹಲ್ಲು ಬಂತು. ಅಲ್ಲಿವರೆಗೆ ನಾನು ಪಟ್ಟ ಪಾಡು ಯಾರಿಗೂ ಬೇಡ. ಮದುವೆ ಮನೆಗೆ ಹೋದರೆ ಒಬ್ಬೊಬ್ಬರೂ ಬಂದು ಅವನ ತುಟಿ ಬಿಡಿಸಿ ನೋಡೋರು. ಮೂರು ಸಲ ಶಿವಮೊಗ್ಗಕ್ಕೆ ಹೋದೆ. ಒಂದೊಂದು ಸಲಕ್ಕೂ ಬಾಡಿಗೆ ಕಾರಿಗೆ 2,200, ಡಾಕ್ಟರಿಗೆ 400, ಕ್ಯಾಲ್ಸಿಯಂ ಸಿರಪ್‌ಗೆ 180. ಜುಲೈ ಮಳೆ, ಮಗು ಎತ್ತಿಕೊಂಡು ಬಸ್ಸಿಗೆ ಕಾಯೋ ಹಾಗಿರಲಿಲ್ಲ. ಮೂರನೇ ಸಲ ಬೇರೆ ಡಾಕ್ಟರ್ ಕೇಳಿದ್ದು ಒಂದೇ ಮಾತು, ‘ಇವರಪ್ಪನಿಗೆ ಯಾವಾಗ ಬಂದಿತ್ತು?’ ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. ‘ಅವನಿಗೂ ವರ್ಷ ಕಳೆದ ಮೇಲೇ ಕಣೇ’ ಅಂದರು. ಮೊದಲೇ ಹೇಳಬಾರದಿತ್ತಾ! ಈಗ ಅವನಿಗೆ 3 ವರ್ಷ, 20 ಹಾಲುಹಲ್ಲೂ ಇವೆ.

ಭದ್ರಾವತಿಯಿಂದ: ಎಲ್ಲರಿಗೂ ಕಾಯಿರಿ ಅನ್ನಬೇಡಿ. ನಮ್ಮ ತಂಗಿ ಮಗುವಿಗೆ ಹಲ್ಲೂ ತಡ, ಕೂರೋದೂ ತಡ, ಯಾವಾಗಲೂ ಮಂಕು. ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಕಡಿಮೆ. ಕಾದಿದ್ದರೆ ಮಗುವಿನ ಗತಿ ಏನಾಗುತ್ತಿತ್ತು?

ಸಾಗರದಿಂದ: ನಾನು ಎಲ್ಲಿ ಕಾಯಿರಿ ಅಂದೆ? ಮೂರು ಸಲ ಹೋಗಿ ಬಂದವಳು ನಾನು. ಪೂರ್ತಿ ಓದಿ ಆಮೇಲೆ ಬರೆಯಿರಿ.

ತೀರ್ಥಹಳ್ಳಿಯಿಂದ: ಬೇಗ ಬಂದರೂ ಸುಖ ಇಲ್ಲ. ನನ್ನ ಮಗಳಿಗೆ ನಾಲ್ಕೂವರೆ ತಿಂಗಳಿಗೇ ಎರಡು ಹಲ್ಲು, ಹಾಲು ಕುಡಿಯುವಾಗ ಕಚ್ಚಿ ನಾನು ಅತ್ತುಬಿಡುತ್ತಿದ್ದೆ. ಆದರೆ ನನಗೆ ಇವತ್ತಿಗೂ ಸಂಕಟ ಆಗೋದು ಅದಕ್ಕಲ್ಲ. 6 ವರ್ಷದ ಹೊತ್ತಿಗೆ ಕೊನೆಯ ಹಾಲುಹಲ್ಲಿನ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ, ಯಾವ ಹಲ್ಲೂ ಉದುರದೆ ಸುಮ್ನೆ ಬರುತ್ತದೆ. ಅದು ಜೀವನಪೂರ್ತಿ ಇರೋ ಹಲ್ಲು. ನಮಗೆ ಗೊತ್ತಾಗಲಿಲ್ಲ. ಟಾರ್ಚ್ ಹಿಡಿದು ನೋಡಿದಾಗ ಹಲ್ಲಿನ ಗುಳಿಯಲ್ಲಿ ಸಾಸಿವೆಕಾಳಿನಷ್ಟು ಕಂದು ಚುಕ್ಕೆ ಇತ್ತು. ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ ಅಂತ ಬಿಟ್ಟೆವು. ಅಡಿಕೆ ಕೊಯ್ಲು ಬೇರೆ. 9 ವರ್ಷಕ್ಕೆ ಕೆನ್ನೆ ಊದಿತು. ರೂಟ್ ಕೆನಾಲ್ 3,500, ಕ್ಯಾಪ್ 4,500, ಐದು ಸಲ ಓಡಾಟ, ಆರು ದಿನ ಶಾಲೆ ತಪ್ಪಿತು. ಬಂದ ಹೊಸತರಲ್ಲೇ ಗುಳಿ ಮುಚ್ಚಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಶಿವಮೊಗ್ಗ ವಿನೋಬನಗರ: ನಮ್ಮವನಿಗೆ 6 ವರ್ಷಕ್ಕೆ ಕೆಳಗೆ ಎರಡು ಸಾಲು. ಹಾಲುಹಲ್ಲು ಹಾಗೇ ಇದೆ, ಹಿಂದೆ ಹೊಸದು ಬಂದಿದೆ. ಹೆದರಿ ಎರಡನ್ನೂ ಕೀಳಿಸಿದೆವು, ಒಂದಕ್ಕೆ 600. ಅವನು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಈಗ ಡಾಕ್ಟರ್ ಅಂದರೆ ಕಾರಿಂದ ಇಳಿಯಲ್ಲ.

ಕೊಪ್ಪದಿಂದ: ಯಾಕೆ ಕೀಳಿಸಿದಿರಿ? ನಮ್ಮವಳಿಗೂ ಹಾಗೇ ಆಗಿತ್ತು. ಹಲ್ಲು ಅಲುಗುತ್ತಿದೆ, ಬಿಡಿ ಅಂದರು ಡಾಕ್ಟರ್. ಎರಡು ತಿಂಗಳಿಗೆ ತಾನೇ ಬಿತ್ತು. ಸಗಣಿ ಉಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆದಳು. ನಾಲಿಗೆ ತಳ್ಳಿ ತಳ್ಳಿ ಹೊಸ ಹಲ್ಲು ಮುಂದೆ ಬಂತು.

ಶಿವಮೊಗ್ಗ ವಿನೋಬನಗರ: ನಮ್ಮವನದು ಚೂರೂ ಅಲುಗುತ್ತಿರಲಿಲ್ಲ. ಯಾಕೆ ಕೀಳಿಸಿದಿರಿ ಅಂತ ಕೇಳೋಕೆ ನೀವು ಆ ದಿನ ಕುರ್ಚಿ ಪಕ್ಕ ನಿಂತಿದ್ದಿರಾ?

ರಿಪ್ಪನ್‌ಪೇಟೆಯಿಂದ: ಹೊಸನಗರದವರೇ, ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಲ್ಲ ಅಂತಾರೆ, ನೋಡಿಕೊಳ್ಳಿ.

ತೀರ್ಥಹಳ್ಳಿಯಿಂದ: ಇದನ್ನು ಇಲ್ಲಿ ತರಬೇಡಿ. ನನ್ನ ತಂಗಿ ಮಗುವಿಗೆ ಹಾಗೇ ಬಂತು. ನಮ್ಮಣ್ಣ ಒಂದು ವರ್ಷ ಆ ಮಗುವನ್ನು ಎತ್ತಿಕೊಳ್ಳಲಿಲ್ಲ. ಆ ನೋವು ನಿಮಗೆ ಗೊತ್ತಾ?

ರಿಪ್ಪನ್‌ಪೇಟೆಯಿಂದ: ಹಿರಿಯರು ಹೇಳಿದ್ದು ಹೇಳಿದೆ ಅಷ್ಟೇ. ನನ್ನ ಮೇಲೆ ಯಾಕೆ ಸಿಟ್ಟು?

ಭದ್ರಾವತಿಯಿಂದ: ಪಾಪ, ಅವರು ಕೇಳಿದ್ದೇನು, ನೀವೆಲ್ಲ ಜಗಳ ಆಡ್ತಿರೋದೇನು.

ಹೊಸನಗರದ ಅಮ್ಮ: ಅತ್ತೆಯನ್ನು ಕೇಳಿದೆ. ಮನೆಯವರಿಗೆ 11 ತಿಂಗಳಿಗೆ ಬಂದಿತ್ತಂತೆ. ನಮ್ಮಮ್ಮನಿಗೆ ನನ್ನದು ನೆನಪಿಲ್ಲ. ಸೋಮವಾರದ ಬಸ್ಸಿಗೆ ಹೋಗಿ ಒಂದು ಸಲ ತೋರಿಸಿಕೊಂಡು ಬರ್ತೀವಿ.